ಬಲಗಡೆಯ ಕಪ್

"ಇಳಿಯೋ ಕೆಳಗೆ! ಇಳಿ ಅಂತಿದೀನಿ, ಕಿವಿ ಕೇಳಲ್ವೇನೋ ನಿಂಗೆ?"

ರುದ್ರಮೂರ್ತಿ ಸೈಕಲ್ಲಿನ ಹ್ಯಾಂಡಲ್ ಹಿಡಿದು ಜಗ್ಗುತ್ತಿದ್ದ. ತಿಪ್ಪೇಶನ ಒಂದು ಕಾಲು ನೆಲಕ್ಕೆ ತಾಗಿತ್ತು, ಇನ್ನೊಂದು ಪೆಡಲಿನ ಮೇಲೇ ಇತ್ತು. ತರೀಕೆರೆಯಿಂದ ಅಜ್ಜಂಪುರದವರೆಗೆ ಬಿಸಿಲಲ್ಲಿ ತುಳಿದುಕೊಂಡು ಬಂದಿದ್ದ. ಅಂಗಿ ಬೆನ್ನಿಗೆ ಅಂಟಿತ್ತು.

"ನೀನು ಹ್ಯಾಂಡಲ್ ಬಿಟ್ರೆ ತಾನೇ ನಾನು ಇಳಿಯೋದು?"

"ಸತ್ತೋರ ಮನೆ ಬಾಗ್ಲಿಗೆ ಸೈಕಲ್ ಮೆರೆಸ್ಕೊಂಡು ಬಂದಿದೀಯಲ್ಲ, ನಾಚಿಕೆ ಆಗಲ್ವಾ? ರೇಸ್ ಇಟ್ಟಿದೀವಾ ಇಲ್ಲಿ?"

"ಅಣ್ಣನ ಮುಖ ನೋಡ್ಕೊಂಡು ಹೋಗ್ತೀನಿ ಬಿಡೋ."

"ಯಾವ ಅಣ್ಣನೋ ನಿಂಗೆ? ಕೆಲಸ ಕಲಿಸ್ದೋರ ಅಂಗಡಿ ಬಿಟ್ಟು, ನಮ್ಮ ಗಿರಾಕಿಗಳನ್ನ ಎಳ್ಕೊಂಡು ಹೋಗಿ ತರೀಕೆರೇಲಿ ಸೈಕಲ್ ಅಂಗಡಿ ಹಾಕ್ದಾಗ ಅಣ್ಣ ಇರ್ಲಿಲ್ವಾ? ಇಪ್ಪತ್ತೆರಡು ವರ್ಷ ಆಯ್ತು ಕಣೋ ಈ ಮನೆ ನಿನ್ನ ಜೊತೆ ಮಾತು ಬಿಟ್ಟು!"

ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದವರು ಅತ್ತ ತಿರುಗಿದರು. ಯಾರೂ ಏಳಲಿಲ್ಲ. ರುದ್ರಮೂರ್ತಿಯ ಬಾಯಿಗೆ ಸಿಗುವ ಆಸೆ ಯಾರಿಗೂ ಇರಲಿಲ್ಲ.

ತೆರೆದ ಬಾಗಿಲಿನಿಂದ ಒಳಗಿದ್ದ ಅಣ್ಣ ಪಂಚಾಕ್ಷರಪ್ಪ ಕಾಣುತ್ತಿದ್ದ. ಬೆಳಿಗ್ಗೆ ಆರಕ್ಕೆ ಕಾಫಿ ಕುಡಿದು ಲೋಟ ಕೆಳಗಿಟ್ಟವನು ಎದೆ ಹಿಡಿದುಕೊಂಡು ಹಾಗೇ ಪಕ್ಕಕ್ಕೆ ವಾಲಿದ್ದ. ಅರವತ್ತಾರು ವರ್ಷ. ಈಗ ಹಣೆತುಂಬ ವಿಭೂತಿ ಬಳಿಸಿಕೊಂಡು, ಚಕ್ಕಳಮಕ್ಕಳ ಹಾಕಿ, ಗೋಡೆಗೆ ಒರಗಿ ಕೂತಿದ್ದ. ಕಂಕುಳಡಿ ಹಾಯಿಸಿದ ಬಿಳಿ ಪಂಚೆಯನ್ನು ಕಿಟಕಿಯ ಸರಳಿಗೆ ಕಟ್ಟಿದ್ದರು. ಅವರಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡಬೇಕು. ಮೈ ಸೆಟೆಯುವ ಮೊದಲೇ ಕೂರಿಸಬೇಕು. "ಬೇಗ ಕಾಲು ಮಡಿಸ್ರೋ" ಎಂದು ಮನೆತನದ ಹಿರಿಯ ಅಜ್ಜಯ್ಯ ಅವಸರ ಮಾಡಿದಾಗ ರುದ್ರಮೂರ್ತಿ ಎಲ್ಲರನ್ನೂ ಪಕ್ಕಕ್ಕೆ ತಳ್ಳಿ, ಅಣ್ಣನ ಎರಡೂ ಕಾಲನ್ನು ತಾನೊಬ್ಬನೇ ಮಡಿಸಿದ್ದ. ಬಲಮಂಡಿ ಊದಿತ್ತು, ಎಷ್ಟು ವರ್ಷದ ನೋವೋ. ಅದನ್ನು ಮಡಿಸುವಾಗ ಮಾತ್ರ ಅವನ ಕೈ ನಿಧಾನವಾಗಿತ್ತು.

ಮದುವೆಯಾಗದೆ, ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿ, ಮೂರು ಹೊತ್ತೂ ಅಣ್ಣನ ಮನೆಯಲ್ಲಿ ಉಂಡವನು ರುದ್ರಮೂರ್ತಿ. ಅಣ್ಣನನ್ನು ಬಿಟ್ಟರೆ ಅವನಿಗೆ ಯಾರೂ ಇರಲಿಲ್ಲ. ಹೆಂಡತಿ, ಮಗಳು ಇದ್ದರೂ ಅಣ್ಣನಿಗೂ ತನ್ನನ್ನು ಬಿಟ್ಟರೆ ಯಾರೂ ಇಲ್ಲವೆಂದೇ ಅವನು ತಿಳಿದಿದ್ದ.

"ತಿಪ್ಪೇಶನ್ನ ಒಳಕ್ಕೆ ಬಿಡು ರುದ್ರಣ್ಣ," ಒಳಗಿನಿಂದ ಅತ್ತಿಗೆ ತೀರ್ಥಮ್ಮನ ದನಿ ಬಂತು. "ನಾನೇ ಫೋನ್ ಮಾಡ್ಸಿದ್ದು."

ರುದ್ರಮೂರ್ತಿಯ ಹಿಡಿತ ಸಡಿಲವಾಯಿತು. ಆಗಲೇ ಅವನು ಸೈಕಲ್ಲನ್ನು ಸರಿಯಾಗಿ ನೋಡಿದ್ದು. ಒಣಮೆಣಸಿನಕಾಯಿಯ ಕಡುಗೆಂಪು ಬಣ್ಣ. ತೆಳ್ಳನೆಯ ಕಂಬಿಗಳು, ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿದ ಹ್ಯಾಂಡಲ್, ಹೆಬ್ಬೆರಳಗಲದ ಟೈರು. ಮೇಲಿನ ಕಂಬಿಯಲ್ಲಿ ಹುಣಸೆಬೀಜದಷ್ಟು ಒಂದು ತಗ್ಗು. ಹೊಸ ಬಣ್ಣ ಬಳಿದಿದ್ದರೂ ತಗ್ಗನ್ನು ಮುಚ್ಚಿರಲಿಲ್ಲ. ಆ ತಗ್ಗು ಅವನಿಗೆ ಗೊತ್ತಿತ್ತು.

"ಇದು ಗುಜರಿಗೆ ಹೋಗಿತ್ತಲ್ಲ," ಅಂದ.

ಪಂಚಾಕ್ಷರಪ್ಪನ ಒಬ್ಬಳೇ ಮಗಳು ಸೌಮ್ಯ ಹೊರಗೆ ಬಂದಳು. ಅವಳು ಕಡೂರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. "ಹೋಗಿರ್ಲಿಲ್ಲ ಚಿಕ್ಕಪ್ಪ."

"ನಿಂಗೂ ಗೊತ್ತಿತ್ತಾ?"

ಸೌಮ್ಯ ಮೆಟ್ಟಿಲಿಳಿದು ಸೈಕಲ್ಲಿನ ಹತ್ತಿರ ಬಂದಳು. ತಿಪ್ಪೇಶ ಸೈಕಲ್ಲನ್ನು ಅವಳ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು ಒಳಗೆ ಹೋದ. ಪಂಚಾಕ್ಷರಪ್ಪನ ಮಡಿಸಿದ ಕಾಲಿಗೆ ಹಣೆ ಮುಟ್ಟಿಸಿ, ದನಿ ತೆಗೆದು ಅಳತೊಡಗಿದ. ರುದ್ರಮೂರ್ತಿಗೆ ಬೆಳಗಿನಿಂದ ಒಂದು ಹನಿ ಕಣ್ಣೀರು ಬಂದಿರಲಿಲ್ಲ. ಅದಕ್ಕೂ ಅವನಿಗೆ ಹೊಟ್ಟೆ ಉರಿಯಿತು.

*

ಆರು ವರ್ಷದ ಹಿಂದೆ, ಹಳೇ ರಿಮ್ಮು ತರಲು ಕಡೂರಿಗೆ ಹೋದ ಪಂಚಾಕ್ಷರಪ್ಪ ಗುಜರಿ ಅಂಗಡಿಯಿಂದ ಗೋಣಿಚೀಲ ಸುತ್ತಿದ ಒಂದು ಫ್ರೇಮು ತಂದ. ತುಕ್ಕು, ಜೇಡರ ಬಲೆ, ಕೋಳಿ ಹಿಕ್ಕೆ. ಅಂಗಡಿಯಲ್ಲಿ ಇಳಿಸಿ ಉಗುರಿನಿಂದ ಕಂಬಿಗೆ ಹೊಡೆದ. ಅದು ಪೂಜೆಯ ಗಂಟೆಯ ಹಾಗೆ ಠಣ್ ಎಂದಿತು.

"ಕೇಳಿಸ್ತೇನೋ? ನಮ್ಮ ಸೈಕಲ್ಲು ಡಬ್ ಅಂತವೆ. ಇದರ ಉಕ್ಕೇ ಬೇರೆ."

ಸೌಮ್ಯ ಫೋನಿನಲ್ಲಿ ಹುಡುಕಿ, ಇದು ಇಟಲಿಯದು, ರೇಸಿನದು, ನಲವತ್ತು ವರ್ಷದ ಮೇಲಾಗಿದೆ ಎಂದಳು. ಅದು ಕಡೂರಿಗೆ ಹೇಗೆ ಬಂತೆಂದು ಯಾರಿಗೂ ಗೊತ್ತಾಗಲಿಲ್ಲ. ದೇಶ ಸುತ್ತಲು ಬಂದ ಬಿಳಿಯನೊಬ್ಬ ಜ್ವರ ಹಿಡಿದು ಸ್ಟೇಷನ್ನಿನಲ್ಲಿ ಬಿಟ್ಟುಹೋದ ಎಂದು ಗುಜರಿಯವನು ಹೇಳಿದ್ದನಂತೆ.

ಆವತ್ತಿನಿಂದ ಪಂಚಾಕ್ಷರಪ್ಪ ಬೇರೆ ಮನುಷ್ಯನಾದ. ಸಂಜೆ ಅಂಗಡಿ ಕೆಲಸ ಮುಗಿದ ಮೇಲೆ ಸೀಮೆಎಣ್ಣೆ ಬಟ್ಟಲು, ಹಳೇ ಹಲ್ಲುಜ್ಜುವ ಬ್ರಷ್ಷು ಹಿಡಿದು ಕೂರುತ್ತಿದ್ದ. ಒಂದು ಬೋಲ್ಟು ಬಿಚ್ಚಲು ಎರಡು ದಿನ. ಎಣ್ಣೆ ಬಿಟ್ಟು ಕಾಯುವುದು, ಮರುದಿನ ಮತ್ತೆ ಎಣ್ಣೆ ಬಿಡುವುದು. ಮೊದಲೆಲ್ಲ ಆ ಹೊತ್ತಿಗೆ ಅಣ್ಣತಮ್ಮ ಎದುರಿನ ಹೋಟೆಲಿನಿಂದ ಒಂದು ಟೀ ತರಿಸಿ ಅರ್ಧರ್ಧ ಕುಡಿಯುತ್ತಿದ್ದರು. ಈಗ ಅಣ್ಣನ ಪಾಲಿನ ಟೀ ಕೆನೆ ಕಟ್ಟಿ ತಣ್ಣಗಾಗುತ್ತಿತ್ತು.

"ಕೊಡಣ್ಣ ಇಲ್ಲಿ, ನಾನು ಬಿಚ್ತೀನಿ."

"ಬೇಡ ಕಣೋ. ನಿಂದು ಬಿಸಿ ಕೈ."

"ಮೂವತ್ತೈದು ವರ್ಷ ಊರ ಸೈಕಲ್ಲೆಲ್ಲ ರಿಪೇರಿ ಮಾಡಿದ್ದು ಇದೇ ಕೈಯಲ್ವಾ?"

"ಅವು ತಡಕಂತವೆ. ಇದು ತಡಕಳಲ್ಲ." ಆಮೇಲೆ, ತಲೆ ಎತ್ತದೆಯೇ, "ತಿಪ್ಪೇಶ ಇದ್ದಿದ್ರೆ ಇದನ್ನ ನೋಡಿ ಕುಣಿಯೋನು" ಎಂದಿದ್ದ.

ಆ ರಾತ್ರಿ ರುದ್ರಮೂರ್ತಿ ಊಟಕ್ಕೆ ಹೋಗಲಿಲ್ಲ.

*

ಮಧ್ಯಾಹ್ನ ಎರಡಕ್ಕೆ ಶವ ಹೊರುವ ವಿಮಾನ ಸಿದ್ಧವಾಯಿತು. ಬಿದಿರಿನ ಪೀಠಕ್ಕೆ ಬಾಳೆಕಂಬ, ಚೆಂಡುಹೂವು ಕಟ್ಟಿ, ಒಳಗೆ ಪಂಚಾಕ್ಷರಪ್ಪನನ್ನು ಕೂರಿಸಿದರು.

"ಸ್ಕೂಲಿಗೆ ಹೋಗೋ ಹುಡುಗೀರ ಸೈಕಲ್ಲು ಅಡ್ಡ ಹಾಕಿ ಬ್ರೇಕ್ ನೋಡೋನು ಕಣಪ್ಪ," ಕುರ್ಚಿಯಲ್ಲಿದ್ದವನೊಬ್ಬ ಹೇಳುತ್ತಿದ್ದ. "ಪೊಲೀಸ್ನೋರಾದ್ರೂ ಬಿಟ್ಟಾರು, ಇವನು ಬಿಡ್ತಿರ್ಲಿಲ್ಲ."

"ನನ್ನ ಮಗಳಂತೂ ಇವನಿಗೆ ಹೆದರಿ ಸಂದಿಯಿಂದ ಹೋಗೋಳು. ಆದ್ರೆ ಯಾರ ಮೇಲೂ ಒಂದಿನ ದನಿ ಎತ್ಲಿಲ್ಲ. ಕೋಪ ಅನ್ನೋದೇ ಗೊತ್ತಿರ್ಲಿಲ್ಲ."

"ತನ್ನ ಪಾಲಿನ ಕೋಪಾನೂ ತಮ್ಮನಿಗೇ ಬಿಟ್ಕೊಟ್ಟಿದ್ನಲ್ಲ."

ಸಾವಿನ ಮನೆಯಾದ್ದರಿಂದ ಕೆಮ್ಮಿದ ಹಾಗೆ ನಕ್ಕರು. ರುದ್ರಮೂರ್ತಿಗೆ ಕೇಳಿಸಿತು.

ಅಜ್ಜಯ್ಯ ಕೋಲು ಕುಟ್ಟಿದ. "ಅವನು ಆಸೆ ಪಟ್ಟ ವಸ್ತು ಅವನ ಮುಂದೆ ಹೋಗ್ಲಿ. ಆ ಸೈಕಲ್ಲು ವಿಮಾನದ ಮುಂದೆ ತಳ್ಕೊಂಡು ನಡೀರಿ. ತಿಪ್ಪೇಶ, ನೀನು ಹಿಡ್ಕೋ."

"ಅವನ್ಯಾಕೆ ಹಿಡೀಬೇಕು? ನಾನು ತಳ್ತೀನಿ."

"ನೀನು ಒಡಹುಟ್ಟಿದೋನು ಕಣೋ, ಹೆಗಲು ಕೊಡ್ಬೇಕು. ಮುಂದಿನ ಬಲಗಡೆ ನಿಂದು."

"ಹೆಗಲು ಬೇರೆ ಯಾರಾದ್ರೂ ಕೊಡ್ಲಿ. ಸೈಕಲ್ಲು ಮಾತ್ರ ಇವನ ಕೈಗೆ ಕೊಡಲ್ಲ ನಾನು."

ಅಂದ ಮೇಲೆ, ತಾನು ಅಂದದ್ದು ಅವನಿಗೇ ಕೇಳಿಸಿತು. ಯಾರಾದರೂ ಬೈದಿದ್ದರೆ ಅವನು ತಿರುಗಿ ಬೈದು, ಆ ಗಲಾಟೆಯಲ್ಲೇ ಹೋಗಿ ಹೆಗಲು ಕೊಟ್ಟುಬಿಡುತ್ತಿದ್ದ. ಯಾರೂ ಬೈಯಲಿಲ್ಲ.

ತಿಪ್ಪೇಶ ಟವೆಲ್ ಮಡಿಸಿ ಹೆಗಲಿಗೆ ಹಾಕಿಕೊಂಡು, ಮುಂದಿನ ಬಲಗಡೆಯ ಬಿದಿರಿಗೆ ಬಗ್ಗಿದ. "ಆಗ್ಲಿ. ನೀನು ಸೈಕಲ್ ಹಿಡ್ಕೋ," ಅಂದ.

ಊರು ದಾಟುವವರೆಗೂ ರುದ್ರಮೂರ್ತಿ ಅಣ್ಣನಿಗೆ ಬೆನ್ನು ಮಾಡಿ ಸೈಕಲ್ಲು ತಳ್ಳಿದ. ಹಿಂದೆ ಭಜನೆ, ತಾಳ. ಕೈಯಡಿಯಲ್ಲಿ ಹಿಂದಿನ ಚಕ್ರದ ಟಿಕ್ ಟಿಕ್. ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ. ನೋಡಿದರೆ ಅಣ್ಣನ ಕೆಳಗೆ ತಿಪ್ಪೇಶನ ಮುಖ ಕಾಣುತ್ತಿತ್ತು.

*

ಫ್ರೇಮು ಅಂಗಡಿಗೆ ಬಂದು ಕೆಲವು ತಿಂಗಳಾಗಿತ್ತು. ಪಂಚಾಕ್ಷರಪ್ಪ ದೇವನೂರಿಗೆ ಮದುವೆಗೆ ಹೋಗಿದ್ದ ದಿನ ಅದು. ಫ್ರೇಮಿನಿಂದ ಎಲ್ಲವೂ ಬಿಚ್ಚಿಕೊಂಡಿತ್ತು, ಪೆಡಲಿನ ಆಕ್ಸಲ್ ಕೂರುವ ಬಲಗಡೆಯ ಕಪ್ ಒಂದು ಬಿಟ್ಟು. ಅದಕ್ಕೆ ಅಣ್ಣ ಹದಿನೈದು ದಿನದಿಂದ ಎಣ್ಣೆ ಬಿಡುತ್ತಿದ್ದ. ಅದನ್ನು ಬಿಚ್ಚಿ, ಒರೆಸಿ, ಬಟ್ಟೆಯ ಮೇಲಿಟ್ಟು ಅಣ್ಣನಿಗೆ ತೋರಿಸಬೇಕು. "ಇದ್ಯಾವಾಗ ಬಿಚ್ಚಿದ್ಯೋ?" ಎಂದು ಅಣ್ಣ ಬೆರಗಾಗಬೇಕು. ಅಷ್ಟೇ ರುದ್ರಮೂರ್ತಿಯ ಆಸೆ.

ನಮ್ಮ ಸೈಕಲ್ಲುಗಳಲ್ಲಿ ಬಲಗಡೆಯ ಕಪ್ಪಿಗೆ ಉಲ್ಟಾ ಥ್ರೆಡ್. ಬಿಚ್ಚಬೇಕಾದರೆ ಬಲಕ್ಕೆ ತಿರುಗಿಸಬೇಕು. ಸಾವಿರಾರು ಸಲ ಅವನು ಹಾಗೆ ಬಿಚ್ಚಿದ್ದ. ಬಲಕ್ಕೆ ತಿರುಗಿಸಿದ. ಜಗ್ಗಲಿಲ್ಲ. ದೊಡ್ಡ ಪೈಪ್ ರೆಂಚ್ ಹಾಕಿ, ಅದರ ಹಿಡಿಗೆ ನಾಲ್ಕು ಅಡಿ ಕಬ್ಬಿಣದ ಪೈಪ್ ತೂರಿಸಿ, ಗೋಡೆಗೆ ಕಾಲು ಕೊಟ್ಟು ಎಳೆದ. ಇಟಲಿಯವರ ಆ ಹಳೇ ಸೈಕಲ್ಲಿಗೆ ಎರಡೂ ಕಡೆ ಒಂದೇ ಥ್ರೆಡ್, ಬಿಚ್ಚಲು ಎಡಕ್ಕೇ ತಿರುಗಿಸಬೇಕು ಎಂದು ಅವನಿಗೆ ಗೊತ್ತಿರಲಿಲ್ಲ. ಬಿಚ್ಚುತ್ತಿದ್ದೇನೆ ಎಂದುಕೊಂಡು ಬಿಗಿಯುತ್ತಿದ್ದ. ಟಕ್ ಎಂದಿತು. ಕಪ್ ಸಡಿಲವಾಗಿ ಸುಮ್ಮನೆ ತಿರುಗತೊಡಗಿತು. ಒಳಗಿನ ಥ್ರೆಡ್ ಪೂರಾ ಕಿತ್ತುಹೋಗಿ ಉಕ್ಕಿನ ಪುಡಿ ಉದುರಿತು.

ಗ್ರೀಸ್ ಮೆತ್ತಿ, ಕಪ್ಪನ್ನು ಇದ್ದ ಹಾಗೇ ಒತ್ತಿ ಇಟ್ಟ.

ಸಂಜೆ ಪಂಚಾಕ್ಷರಪ್ಪ ಬಂದವನೇ ಫ್ರೇಮಿನ ಮುಂದೆ ಕೂತ. ಗ್ರೀಸಿಗೆ ಬೆರಳು ಹಾಕಿದ. ಬೆರಳಿಗೆ ಹತ್ತಿದ ಪುಡಿಯನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಕೈ ಒರೆಸಿಕೊಂಡು, "ಒಂದು ಟೀ ತರ್ಸೋ," ಅಂದ. ಎಷ್ಟೋ ದಿನದ ಮೇಲೆ ಇಬ್ಬರೂ ಅರ್ಧರ್ಧ ಕುಡಿದರು.

ವಾರದ ಮೇಲೆ ಫ್ರೇಮು ಅಂಗಡಿಯಲ್ಲಿರಲಿಲ್ಲ. "ಗುಜರಿಗೆ ಹಾಕ್ಬಿಟ್ಟೆ," ಅಂದ ಅಣ್ಣ. ರುದ್ರಮೂರ್ತಿಗೆ ಪಾಪ ಅನ್ನಿಸಲಿಲ್ಲ. ಮನೆಯಿಂದ ಶನಿ ತೊಲಗಿದ ಹಾಗೆ ಹಗುರವಾಯಿತು.

ಅಲ್ಲಿಂದಾಚೆ ಪಂಚಾಕ್ಷರಪ್ಪನಿಗೆ ದೇವರ ಮೇಲೆ ಭಕ್ತಿ ಹೆಚ್ಚಾಯಿತು. ಭಾನುವಾರ ಬಂತೆಂದರೆ ಅಂತರಘಟ್ಟೆ ಅಮ್ಮನ ಗುಡಿಗೆ ಹೋಗಿ ಬರುತ್ತೇನೆಂದು ಬಸ್ಸು ಹತ್ತುತ್ತಿದ್ದ. ಸಂಜೆ ಬರುವಾಗ ಉಗುರಿನ ಸಂದಿಯೆಲ್ಲ ಕಪ್ಪಾಗಿರುತ್ತಿತ್ತು. ಸೈಕಲ್ ಮೆಕ್ಯಾನಿಕ್ಕನ ಉಗುರು ಯಾವಾಗಲೂ ಕಪ್ಪೇ. ರುದ್ರಮೂರ್ತಿ ಅದನ್ನು ನೋಡಿಯೂ ನೋಡಿರಲಿಲ್ಲ.

*

ಗುಣಿಗೆ ವಿಭೂತಿ, ಬಿಲ್ವಪತ್ರೆ ತುಂಬಿ ಮಣ್ಣು ಮುಚ್ಚಿ ಬಂದರು. ಎಲ್ಲರೂ ಸ್ನಾನ ಮಾಡಿದರು. ನೆಂಟರು ಅನ್ನ ಸಾರು ಮಾಡಿಟ್ಟಿದ್ದರು. ಹಜಾರದಲ್ಲಿ ಎಲೆ ಹಾಕುತ್ತಿದ್ದರು.

ರುದ್ರಮೂರ್ತಿ ಒದ್ದೆ ತಲೆಯಲ್ಲೇ ಅಂಗಳಕ್ಕೆ ಬಂದು ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿದ. ಬಲಗಡೆಯ ಕಪ್ಪಿನ ಮುಂದೆ ಕುಕ್ಕರಗಾಲಲ್ಲಿ ಕೂತ.

ತಿಪ್ಪೇಶ ಬಂದು ಪಕ್ಕದಲ್ಲಿ ನಿಂತ. "ಥ್ರೆಡ್ ಕಿತ್ತೋಗಿದ್ದ ಜಾಗಕ್ಕೆ ಲೇತ್ ಮಷೀನಲ್ಲಿ ಹೊಸ ಬುಷ್ ಮಾಡ್ಸಿ, ಹಿತ್ತಾಳೆ ಬೆಸುಗೆ ಹಾಕಿ ಕೂರಿಸಿದ್ವಿ. ನಾಲ್ಕು ಕೆಟ್ಟೋದ್ವು, ಐದನೇದು ಕೂತ್ಕೊಂತು. ಅದೊಂದಕ್ಕೇ ಎರಡು ವರ್ಷದ ಭಾನುವಾರ ಹಿಡೀತು ನಮಗೆ."

'ನಮಗೆ.' ರುದ್ರಮೂರ್ತಿ ಹಲ್ಲು ಕಚ್ಚಿದ. "ಯಾರು ಕೆಡಿಸಿದ್ದು ಅಂತ ಹೇಳ್ದ ನಮ್ಮಣ್ಣ?"

"ತಾನೇ ಅಂದ್ರು. ವಯಸ್ಸಾಯ್ತು ಕಣೋ, ಅಭ್ಯಾಸಬಲದಲ್ಲಿ ಉಲ್ಟಾ ತಿರುಗಿಸ್ಬಿಟ್ಟೆ ಅಂದ್ರು."

"ನೀನು ನಂಬ್ದೆ."

ತಿಪ್ಪೇಶ ಬಗ್ಗಿ ಕಪ್ಪಿನ ಅಂಚು ಮುಟ್ಟಿದ. "ಕಪ್ಪಿನ ಮೇಲೆ ಪೈಪ್ ರೆಂಚಿನ ಹಲ್ಲು ಮೂಡಿತ್ತು. ಅಣ್ಣ ಪೈಪ್ ರೆಂಚ್ ಹಿಡಿಯೋ ಮನುಷ್ಯನಾ?"

"ಅಂದ್ರೆ ಆರು ವರ್ಷ ಇಬ್ರೂ ಕೂತ್ಕೊಂಡು ನನ್ನ ಆಡ್ಕೊಂಡು ನಕ್ಕಿದೀರ!"

"ನಗೋದೆಲ್ಲಿ ಬಂತು? ನಿನ್ನ ಹೆಸ್ರೇ ಎತ್ತಲಿಲ್ಲ ಅವರು."

ನಕ್ಕಿದ್ದರೆ ತಡೆದುಕೊಳ್ಳಬಹುದಿತ್ತು. ರುದ್ರಮೂರ್ತಿ ಎದ್ದು ನಿಂತ. ಬಾಗಿಲಲ್ಲಿ ತೀರ್ಥಮ್ಮ ನಿಂತಿದ್ದಳು, ಅವಳ ಹಿಂದೆ ಸೌಮ್ಯ.

"ಅತ್ತಿಗೆ, ನಿಮಗೂ ಗೊತ್ತಿತ್ತು. ಮನೆಯೋರಿಗೆಲ್ಲ ಗೊತ್ತಿತ್ತು. ನಾನೇನು ಹೊರಗಿನೋನಾ? ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬಿಡ್ತಿದ್ದೇನಪ್ಪ? ತರೀಕೆರೆಗೆ ಹೋಗಿ ಅಂಗಡಿ ಒಡೆದು ಬತ್ತಿದ್ದೆ." ತೀರ್ಥಮ್ಮನ ದನಿ ಜೋರಾಗಲಿಲ್ಲ. "ನಿನ್ನ ಕೋಪಕ್ಕೆ ಹೆದರಿ ಅವರು ಸ್ವಂತ ಮನೇಲೇ ಕಳ್ಳರ ಹಂಗೆ ಬದುಕಿದ್ರು ಕಣೋ ರುದ್ರಣ್ಣ. ಬರೋ ಭಾನುವಾರ ಸೈಕಲ್ಲು ತರಿಸಿ ನಿಂಗೆ ಎಲ್ಲಾ ಹೇಳ್ಬೇಕು ಅಂತ ಎರಡು ವಾರದಿಂದ ಕನ್ನಡಿ ಮುಂದೆ ಮಾತು ಕಲೀತಿದ್ರು. 'ರುದ್ರ, ಕೋಪ ಮಾಡ್ಕೋಬೇಡ' ಅಂತ ಶುರು ಮಾಡೋರು. ಅಲ್ಲಿಂದ ಮುಂದಕ್ಕೆ ಅವರಿಗೆ ಬತ್ತಿರ್ಲಿಲ್ಲ."

ರುದ್ರಮೂರ್ತಿ ಮತ್ತೆ ಸೈಕಲ್ಲಿನ ಕಡೆ ತಿರುಗಿದ. ಬಲಗಡೆಯ ಪೆಡಲ್ ಹಿಡಿದು ನಿಧಾನವಾಗಿ ತಿರುಗಿಸಿದ. ಕಿವಿಯನ್ನು ಕಪ್ಪಿನ ಹತ್ತಿರ ತಂದ. ಒಂದು ಸಣ್ಣ ಕಟಕಟ ಕೇಳಿಸಿದ್ದರೂ ಸಾಕಾಗಿತ್ತು. ಒಂದು ಕೂದಲೆಳೆಯಷ್ಟು ಅಲುಗಾಟ ಇದ್ದಿದ್ದರೂ ಸಾಕಾಗಿತ್ತು. ಏನೂ ಇರಲಿಲ್ಲ. ಎಣ್ಣೆಯಲ್ಲಿ ಬೆರಳು ಆಡಿಸಿದ ಹಾಗೆ ಆಕ್ಸಲ್ ತಿರುಗಿತು. ಅವನು ಇನ್ನೂ ಜೋರಾಗಿ ತಿರುಗಿಸಿದ, ಮತ್ತೂ ಜೋರಾಗಿ. ಹಿಂದಿನ ಚಕ್ರದ ಕಡ್ಡಿಗಳು ಕಣ್ಣಿಗೆ ಕಾಣದಂತಾದವು.

ಪೆಡಲ್ ಬಿಟ್ಟ. ಚಕ್ರ ತಿರುಗುತ್ತಲೇ ಇತ್ತು. ಅವನು ತಂತಿಯ ಮೇಲಿದ್ದ ಟವೆಲ್ ಎಳೆದುಕೊಂಡು ಗೇಟು ದಾಟಿದ.

"ಉಂಡು ಹೋಗೋ ರುದ್ರಣ್ಣ! ಎಲೆ ಹಾಕೈತೆ!" ತೀರ್ಥಮ್ಮ ಕೂಗಿದಳು.

ಅವನು ಅಂಗಡಿಯ ಕಡೆ ಹೋಗಲಿಲ್ಲ. ಸ್ಟೇಷನ್ ರಸ್ತೆಗೆ ತಿರುಗಿದ.

"ಬತ್ತಾನೆ ಬಿಡಮ್ಮ," ಅಜ್ಜಯ್ಯ ಅಂದ. "ಹೊಟ್ಟೆ ಹಸಿದ್ರೆ ಎಲ್ಲಿಗೆ ಹೋದಾನು? ಈ ಚಕ್ರ ನಿಲ್ಲೋದ್ರೊಳಗೆ ಬತ್ತಾನೆ ನೋಡು."

ತಿಪ್ಪೇಶ ಚಕ್ರಕ್ಕೆ ಕೈ ಹಾಕಲಿಲ್ಲ. ಎಲ್ಲರೂ ನಿಂತು ನೋಡಿದರು. ಕಡ್ಡಿಗಳು ಒಂದೊಂದಾಗಿ ಕಾಣತೊಡಗಿದವು. ಒಂದು ಟಿಕ್ಕಿಗೂ ಇನ್ನೊಂದು ಟಿಕ್ಕಿಗೂ ನಡುವಿನ ಹೊತ್ತು ಉದ್ದವಾಗುತ್ತ ಹೋಯಿತು. ಕೊನೆಗೊಮ್ಮೆ ಟಿಕ್ ಎಂದು, ಮತ್ತೆ ಅನ್ನಲಿಲ್ಲ. ಸೌಮ್ಯ ಒಳಗೆ ಹೋಗಿ, ಬಡಿಸಿದ್ದ ಚಿಕ್ಕಪ್ಪನ ಎಲೆಯ ಮೇಲೆ ಇನ್ನೊಂದು ಎಲೆ ಮುಚ್ಚಿಟ್ಟಳು. ಮರುದಿನ ಬೆಳಿಗ್ಗೆ ಕಸ ಗುಡಿಸುವಾಗಲೂ ಅದು ಹಾಗೇ ಇತ್ತು.