ಮೂರೂವರೆ ಟನ್

"ಒಂದು ದಿನ ಗಾಡಿ ನಾನು ಓಡಿಸ್ತೀನಿ, ನೀನು ಪಕ್ಕದ ಸೀಟಲ್ಲಿ ಕೂರ್ಬೇಕು. ಕಿಟಕಿ ಆಚೆ ನೋಡೋದು ಬಿಟ್ಟು ಬೇರೆ ಏನೂ ಮಾಡ್ಬಾರ್ದು. ಸಮುದ್ರ ಬರೋವರೆಗೂ."

ನನ್ನ ಗಂಡ ಈ ಮಾತು ಕೊಟ್ಟಾಗ ಇನ್ನೂ ಗಂಡ ಆಗಿರಲಿಲ್ಲ. ನಾನು ಓಡಿಸುವ ಸಿಟಿ ಬಸ್ಸಿನ ಮುಂಬಾಗಿಲಲ್ಲಿ ದಿನಾ ನಿಲ್ಲುತ್ತಿದ್ದ, ಮೈತುಂಬ ಕಲ್ಲಿನ ಪುಡಿ ಮೆತ್ತಿಕೊಂಡ ಒಬ್ಬ ಪ್ರಯಾಣಿಕ. ಮನೆಗಳಿಗೆ ನೆಲ ಹಾಸುವುದು, ಅಡುಗೆ ಕಟ್ಟೆಗೆ ಗ್ರಾನೈಟ್ ಕೂರಿಸುವುದು ಅವನ ಕೆಲಸ. ಚಾಲಕರ ಜೊತೆ ಮಾತಾಡಬಾರದು ಅನ್ನುವ ಬೋರ್ಡಿಗೇ ಒರಗಿಕೊಂಡು ಮಾತಾಡುತ್ತಿದ್ದ. ಹೂವು ಕೊಡುತ್ತೇನೆ, ಚಿನ್ನ ಕೊಡುತ್ತೇನೆ ಎಂದಿದ್ದರೆ ಮುಂದಿನ ಸ್ಟಾಪಿನಲ್ಲಿ ಇಳಿಸಿಬಿಡುತ್ತಿದ್ದೆ. ಪಕ್ಕದ ಸೀಟು ಕೊಡುತ್ತೇನೆ ಎಂದ. ಅಷ್ಟಕ್ಕೆ ಬಿದ್ದೆ.

ಮದುವೆಯಾಯಿತು. ಮಗಳು ಹುಟ್ಟಿ ಕಾಲೇಜಿಗೂ ಸೇರಿದಳು. ಈ ಮಧ್ಯೆ ಎಲ್ಲಿಗೇ ಹೊರಟರೂ ಓಡಿಸಿದವಳು ನಾನೇ. "ನಿಂಗೇನಮ್ಮ, ಕೈ ಪಳಗಿದೆ" ಅನ್ನುತ್ತಿದ್ದರು ನಮ್ಮತ್ತೆ. ರಜೆ ಅಂದರೆ ನನಗೆ ರಸ್ತೆ ಮಾತ್ರ ಬೇರೆ, ಸ್ಟೇರಿಂಗ್ ಅದೇ. ಹಿಂದಿನಿಂದ ಎಲ್ಲರೂ "ಅಲ್ನೋಡು, ಜಿಂಕೆ!" ಎಂದು ಕಿರುಚಿದಾಗ ನನಗೆ ಕಾಣುತ್ತಿದ್ದದ್ದು ಮುಂದಿನ ಲಾರಿಯ ಕೆಂಪು ದೀಪ.

ಹೋದ ವರ್ಷ ಅವನು ಹಳೆಯ ಡೆಲಿವರಿ ವ್ಯಾನ್ ಒಂದನ್ನು ಕೊಂಡ. ಉದ್ದನೆಯದು, ಒಳಗೆ ತಲೆ ಬಗ್ಗಿಸದೆ ಓಡಾಡಬಹುದು. ಹಾಸಿಗೆ, ಅಡುಗೆ ಕಟ್ಟೆ, ಕೈತೊಳೆಯುವ ಬೇಸಿನ್ ಎಲ್ಲ ಇರುವ ಮನೆಗಾಡಿ ಮಾಡುತ್ತೇನೆ, ಇದರಲ್ಲೇ ಸಮುದ್ರಕ್ಕೆ, ಓಡಿಸುವವನು ನಾನು ಎಂದ. ಮುಗಿಯುವವರೆಗೆ ಯಾರೂ ನೋಡುವ ಹಾಗಿಲ್ಲ ಎಂದು ತನ್ನ ಕಲ್ಲಿನ ಶೆಡ್ಡಿಗೆ ಬೀಗ ಹಾಕಿಕೊಂಡ. ನಾನು ರಜೆಗೆ ಬರೆದುಕೊಟ್ಟೆ. ಪಕ್ಕದ ಸೀಟಿಗೆಂದು ಒಂದು ಪುಟ್ಟ ದಿಂಬನ್ನೂ ಹೊಲಿದಿಟ್ಟೆ.

ಗಾಡಿ ಮನೆಯ ಮುಂದೆ ಬಂದು ನಿಂತ ದಿನ ನಾನು ಬಾಗಿಲು ನೋಡಲಿಲ್ಲ, ಹಿಂದಿನ ಚಕ್ರ ನೋಡಿದೆ. ವ್ಯಾನಿನ ಹಿಂಭಾಗ ಹೆರಿಗೆ ನೋವು ಬಂದವಳ ಹಾಗೆ ಕೆಳಕ್ಕೆ ಕೂತಿತ್ತು. ಸ್ಪ್ರಿಂಗ್ ಪಟ್ಟಿಗಳು ಬಾಗಿ ಟಯರಿನ ಪಕ್ಕೆ ಉಬ್ಬಿತ್ತು.

"ಒಳಗೇನು ತುಂಬಿದ್ಯಾ?"

"ಬಂದು ನೋಡು" ಎಂದು ಪರದೆ ಸರಿಸಿದ.

ಕಪ್ಪು ಗ್ರಾನೈಟಿನ ಅಡುಗೆ ಕಟ್ಟೆ, ಅಂಚನ್ನು ಉರುಟಾಗಿ ತೀಡಿ ಮುಖ ಕಾಣುವ ಹಾಗೆ ಪಾಲಿಶ್ ಮಾಡಿದ್ದು. ನೆಲಕ್ಕೆ ದಪ್ಪ ಟೈಲ್ಸ್, ಕೆಳಗೆ ಸಿಮೆಂಟಿನ ಹಾಸು. ಮಡಚುವ ಮೇಜಿನ ಬದಲು ಬಿಳಿ ಅಮೃತಶಿಲೆಯ ಮೇಜು. ಮೂಲೆಯಲ್ಲಿ ಒಂದೇ ಬಂಡೆಯಿಂದ ಕಡೆದು ತೆಗೆದ ಬೇಸಿನ್, ಒಳಮೈ ಮೊಟ್ಟೆಯ ಚಿಪ್ಪಿನಷ್ಟು ನುಣುಪು. ಬೇರೆಯವರು ಇಂಥ ಗಾಡಿಗೆ ಪ್ಲೈವುಡ್ಡು, ಪ್ಲಾಸ್ಟಿಕ್ಕು ಹಾಕುತ್ತಾರೆ. ಇವನ ಪ್ರಕಾರ ಕಲ್ಲಿಲ್ಲದ್ದು ಮನೆಯೇ ಅಲ್ಲ.

ಮಗಳು ಇಣುಕಿ ನೋಡಿ, "ಅಪ್ಪಾ, ಇದು ಗಾಲಿ ಇರೋ ಸಮಾಧಿ ಕಣಪ್ಪ" ಅಂದಳು.

"ನಿನ್ನ ನಾಲಿಗೆಗೆ ಬೆಂಕಿ ಹಾಕ!" ಎಂದು ಅತ್ತೆ ಅವಳ ತಲೆಗೆ ಮೊಟಕಿದರು. "ಎಷ್ಟು ಚೆನ್ನಾಗಿ ಕೂರಿಸಿದಾನೆ ನನ್ನ ಮಗ. ಅರಮನೆ."

"ತೂಕ ಹಾಕಿಸಿದ್ಯಾ?" ನಾನು ಕೇಳಿದೆ.

ಅವನ ಮುಖದ ನಗು ಆರಿತು. "ಇದೇನು ಜಲ್ಲಿ ಲಾರಿನಾ? ಒಂದು ಒಳ್ಳೆ ಮಾತು ಬರಲ್ವಾ ನಿನ್ನ ಬಾಯಲ್ಲಿ?"

"ಒಳ್ಳೆ ಮಾತು ಆಮೇಲೆ. ತೂಕ ಎಷ್ಟು?"

"ನೀನು ಬಸ್ ಓಡ್ಸು. ಕಲ್ಲಿನ ವಿಷಯ ನಂಗೆ ಬಿಡು."

ಗಾಡಿಯ ರೂಪ ಬದಲಾಯಿಸಿದರೆ ತಪಾಸಣೆ ಕೇಂದ್ರದಲ್ಲಿ ತೋರಿಸಿ ಹೊಸದಾಗಿ ನೋಂದಾಯಿಸಬೇಕು. ಮುಂದಿನ ವಾರ ನಾಲ್ವರೂ ಹೋದೆವು. ತಪಾಸಣೆ ಅಧಿಕಾರಿ ತೆಳ್ಳಗಿನ ಮನುಷ್ಯ, ಜೇಬಿನಲ್ಲಿ ಟಾರ್ಚು. ಗಾಡಿಯನ್ನು ಕಬ್ಬಿಣದ ತೂಕದ ಹಾಸಿನ ಮೇಲೆ ನಿಲ್ಲಿಸಿ, ಟ್ಯಾಂಕಿನಲ್ಲಿ ನೀರು ತುಂಬಿಸಿ, ಸೀಟಿಗೊಬ್ಬರಂತೆ ನಾಲ್ಕು ಜನರ ತೂಕ ಲೆಕ್ಕಕ್ಕೆ ಸೇರಿಸಿದ. ಪರದೆಯ ಮೇಲೆ ಬಂದ ಅಂಕಿಯನ್ನು ನೋಡಿ ಹುಬ್ಬೇರಿಸಿದ.

"ಯಾರು ಓಡಿಸೋದು?"

"ನಾನೇ" ಎಂದು ನನ್ನ ಗಂಡ ಲೈಸೆನ್ಸ್ ಕೊಟ್ಟ.

"ಇದು ಕಾರಿಂದು. ಮೂರೂವರೆ ಟನ್ ತನಕ ನಡೆಯುತ್ತೆ. ನಿಮ್ಮದು ನಾಲ್ಕೂವರೆ ದಾಟಿದೆ. ಹೆವಿ ಲೈಸೆನ್ಸ್ ಬೇಕು."

"ಇದು ಮನೆ ಸಾರ್. ನಾವು ಬಾಡಿಗೆಗೆ ಬಿಡ್ತಾ ಇಲ್ಲ."

"ಮನೆ ಆದ್ರೆ ಒಂದು ಕಡೆ ನಿಲ್ಸಿ ವಾಸ ಮಾಡಿ. ರಸ್ತೆಗೆ ಇಳಿದ್ರೆ ಗಾಡಿ. ಒಳಗೆ ಹಾಸಿಗೆ ಇದೆಯೋ ಆಲೂಗಡ್ಡೆ ಇದೆಯೋ ನಂಗೆ ಬೇಕಾಗಿಲ್ಲ, ತೂಕ ಬೇಕು."

"ಹಾಗಾದ್ರೆ ಹೆವಿ ಪರೀಕ್ಷೆ ಕಟ್ತೀನಿ."

ಅಧಿಕಾರಿ ಅವನ ಎಡಗಣ್ಣನ್ನು ನೋಡಿದ. ಹಿಂದೊಮ್ಮೆ ಕಲ್ಲಿನ ಚೂರು ಸಿಡಿದು ಆ ಕಣ್ಣಿಗೆ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ಕಾರಿಗೆ ಒಂದು ಕಣ್ಣು ಸಾಕು ಎಂದು ಡಾಕ್ಟರು ಸಹಿ ಮಾಡಿಕೊಟ್ಟಿದ್ದರು. "ಹೆವಿಗೆ ಎರಡೂ ಕಣ್ಣು ಪಾಸಾಗ್ಬೇಕು" ಎಂದ ಅಧಿಕಾರಿ, ದನಿ ಏರಿಸದೆ. "ನಿಮಗೆ ಕೊಡಲ್ಲ. ಮನೇಲಿ ಬೇರೆ ಯಾರ ಹತ್ರಾನಾದ್ರೂ ಇದೆಯಾ?"

ನನ್ನ ಗಂಡ ಕೈ ಚಾಚಿ ನನ್ನನ್ನು ತೋರಿಸಿದ. "ಇವಳ ಹತ್ರ ಇದೆ. ಬಸ್ ಡ್ರೈವರ್ರು."

"ಮತ್ತಿನ್ನೇನು! ಮೇಡಂ ಓಡಿಸ್ಲಿ, ನೀವು ಆರಾಮಾಗಿ ಕೂತ್ಕೊಳ್ಳಿ."

ಗಂಡನ ಹೆಗಲು ಇಳಿದದ್ದು ನನಗೆ ಕಂಡಿತು. ಪೆಚ್ಚಾಗಿದ್ದರೆ ಅಯ್ಯೋ ಅನ್ನುತ್ತಿದ್ದೆ. ನಿರಾಳವಾಗಿದ್ದ. ಕಲ್ಲು ಉಳಿಯಿತಲ್ಲ ಎಂಬ ನಿರಾಳ. ಕೀಲಿಕೈಯನ್ನು ನನ್ನತ್ತ ಚಾಚಿದ.

"ತಗೋ. ಮನೆಗೆ ಹೊಡಿ."

ನಾನು ಕೈ ಚಾಚಲಿಲ್ಲ. ಆ ಪುಟ್ಟ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಗೇಟಿನಾಚೆ ನಡೆದು ಬಸ್ ಹತ್ತಿದೆ. ಓಡಿಸುತ್ತಿದ್ದವನು ನಮ್ಮ ಡಿಪೋದವನೇ.

"ಏನಕ್ಕಾ, ಇವತ್ತು ಪ್ಯಾಸೆಂಜರ್ರು?"

"ಬಾಯ್ಮುಚ್ಕೊಂಡು ಓಡ್ಸು."

ಗಂಡ ಗಾಡಿಯನ್ನು ಯಾರೋ ಲಾರಿ ಡ್ರೈವರ್ ಕೈಲಿ ಮನೆಗೆ ತರಿಸಿದ. ಅಲ್ಲಿಂದ ಮನೆ ರಣರಂಗವಾಯಿತು.

"ಊರವರನ್ನೆಲ್ಲ ಕೂರಿಸ್ಕೊಂಡು ಓಡಿಸ್ತೀಯ, ಕಟ್ಕೊಂಡವನನ್ನ ಕೂರಿಸ್ಕೊಂಡು ಓಡಿಸಕ್ಕೆ ಆಗಲ್ವಾ?" ಅತ್ತೆ ತಟ್ಟೆ ಕುಕ್ಕಿದರು.

"ಊರವರು ಟಿಕೆಟ್ ತಗೋತಾರೆ ಅತ್ತೆ."

"ಅಮ್ಮಾ, ಒಂದ್ಸಲ ಓಡಿಸಿಬಿಡು ಪ್ಲೀಸ್" ಎಂದು ಮಗಳು ರಾಗ ಎಳೆದಳು. "ನಿಂಗದು ನೀರು ಕುಡಿದಷ್ಟು ಸುಲಭ."

"ಹಾಗಾದ್ರೆ ನೀನೇ ಕುಡಿ. ನಂಗೆ ಸಾಕಾಗಿದೆ."

ಗಂಡ ಬೇರೆ ದಾರಿ ಹಿಡಿದ. ಬೆಳಿಗ್ಗೆ ಬೇಗ ಹೊರಟರೆ ಯಾರು ತಡೆಯುತ್ತಾರೆ, ಸುಮ್ಮನೆ ತಾನೇ ಓಡಿಸಿಬಿಡುತ್ತೇನೆ ಎಂದ.

"ಏನಾದ್ರೂ ಆದ್ರೆ? ಹೆವಿ ಲೈಸೆನ್ಸ್ ಇರೋಳು ಪಕ್ಕದಲ್ಲಿ ಕೂತು ನೋಡ್ತಾ ಇದ್ಲು ಅಂತ ನನ್ನ ಕೆಲಸಕ್ಕೇ ಕುತ್ತು ಬರುತ್ತೆ. ಕಲ್ಲು ಕಿತ್ತು ಹಾಕು."

"ಕಲ್ಲು ಕೀಳಲ್ಲ. ಅದು ನನ್ನ ಜೀವಮಾನದ ಕೆಲಸ."

"ಮತ್ತೆ ನನಗೆ ಕೊಟ್ಟ ಮಾತು?"

ಅವನು ಕೈ ಒದರಿದ. "ಯಾವ ಕಾಲದ್ದು ಅದು! ಹುಡುಗ ಹುಡುಗಿ ಬಸ್ಸಲ್ಲಿ ಆಡೋ ಮಾತು. ಅದನ್ನ ಹಿಡ್ಕೊಂಡು ಇಷ್ಟು ವರ್ಷ ಜೋತಾಡ್ತಾ ಇದ್ದೀಯಲ್ಲ, ನಾಚಿಕೆ ಆಗಲ್ವಾ?"

ಅತ್ತೆ, ಮಗಳು ಇಬ್ಬರೂ ತಟ್ಟೆಯ ಮೇಲೆ ಕೈ ನಿಲ್ಲಿಸಿದರು.

"ಸರಿ. ನಿನ್ನ ಕಲ್ಲನ್ನೇ ಪಕ್ಕದ ಸೀಟಲ್ಲಿ ಕೂರಿಸ್ಕೊಂಡು ಹೋಗು. ದಾರಿಯುದ್ದಕ್ಕೂ ಒಳ್ಳೆ ಮಾತಾಡುತ್ತೆ. ನಾನು ರಜೆ ವಾಪಸ್ ತಗೋತೀನಿ."

ಆಮೇಲೆ ಒಂದೇ ಸೂರಿನಡಿ ಇಬ್ಬರು ಬಾಡಿಗೆದಾರರ ಹಾಗೆ ಇದ್ದೆವು. ಅವನ ಬಟ್ಟೆ ಒಗೆಯಲಿಲ್ಲ, ಅವನು ನನ್ನ ಚಪ್ಪಲಿ ದಾಟಿಕೊಂಡು ಓಡಾಡಿದ. ಹೇಳಬೇಕಾದ್ದನ್ನೆಲ್ಲ ಮಗಳ ಬಾಯಲ್ಲಿ ಹೇಳಿಸಿದೆವು. "ಅಪ್ಪ ಉಪ್ಪು ಕೇಳ್ತಾ ಇದಾರೆ." "ಕೈ ಇದೆ, ಎಟಕುತ್ತೆ ಅಂತ ಹೇಳು." ರಜೆ ರದ್ದು ಮಾಡಿ ಎಂದು ಡಿಪೋದಲ್ಲಿ ಕೇಳಿಯೂ ಬಂದೆ. ಬದಲಿ ಚಾಲಕನನ್ನು ಆಗಲೇ ಹಾಕಿಯಾಗಿದೆ, ಮನೇಲಿರಿ ಎಂದರು.

ರಜೆಯ ಮೊದಲ ಬೆಳಿಗ್ಗೆ ಚಹಾ ಸೋಸುತ್ತಿದ್ದೆ. ಹೊರಗೆ ಸುತ್ತಿಗೆಯ ಏಟು ಬಿತ್ತು. ಹಿಂದೆಯೇ ಇನ್ನೊಂದು. ಅಡುಗೆಮನೆಯ ಕಿಟಕಿಯಲ್ಲಿ ನೋಡಿದರೆ, ಗಾಡಿಯ ಹಿಂಬಾಗಿಲು ತೆರೆದಿತ್ತು. ಟೈಲ್ಸಿನ ಚೂರುಗಳು ಹಾರಿ ಅಂಗಳಕ್ಕೆ ಬೀಳುತ್ತಿದ್ದವು.

"ಅಯ್ಯೋ, ಹಾಳು ಮಾಡ್ತಿದಾನಲ್ಲೇ! ಹೋಗಿ ತಡಿಯೇ!" ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದರು.

"ಅವನ ಕಲ್ಲು, ಅವನ ಸುತ್ತಿಗೆ."

ಪ್ರತಿ ಏಟಿಗೂ ನನ್ನ ಕಡೆ ತಿರುಗಿ ನೋಡುತ್ತಿದ್ದ. ನನಗೇ ಹೊಡೆಯುತ್ತಿದ್ದಾನೆ ಅನ್ನಿಸುವ ಹಾಗೆ. ನಾನೂ ಕಿಟಕಿ ಬಿಟ್ಟು ಅಲುಗದೆ ಚಹಾ ಮುಗಿಸಿದೆ. ನೆಲ ಹೋಯಿತು, ಅಮೃತಶಿಲೆಯ ಮೇಜು ಎರಡಾಯಿತು. ಗ್ರಾನೈಟ್ ಕಟ್ಟೆ ಸುಲಭಕ್ಕೆ ಬಗ್ಗಲಿಲ್ಲ. ಉಳಿಯಿಂದ ಅಂಚು ಎಬ್ಬಿಸಿ, ಹೆಗಲು ಕೊಟ್ಟು, ಹಲ್ಲು ಕಚ್ಚಿ ಎತ್ತುತ್ತಿದ್ದಾಗ ಹೊರಗೆ ಹೋಗಿ ಇನ್ನೊಂದು ತುದಿ ಹಿಡಿಯಲು ಕೈ ಹಾಕಿದೆ.

"ಮುಟ್ಬೇಡ" ಎಂದ. ತುಂಬ ದಿನಗಳ ಮೇಲೆ ನೇರವಾಗಿ ನನಗೆ ಹೇಳಿದ ಮೊದಲ ಮಾತು.

"ಕನ್ನಡಕ ಹಾಕ್ಕೋ. ಇನ್ನೊಂದು ಕಣ್ಣೂ ಹೋದ್ರೆ ಕಾರಿನ ಲೈಸೆನ್ಸೂ ಹೋಗುತ್ತೆ" ಎಂದು ಹೇಳಿ ಒಳಗೆ ಬಂದೆ. ಅವನು ಬೈದುಕೊಂಡೇ ರಕ್ಷಣೆಯ ಕನ್ನಡಕ ಹಾಕಿಕೊಂಡ.

ಬೇಸಿನ್ ಒಂದನ್ನು ಮಾತ್ರ ಉಳಿಸಿಕೊಂಡಿದ್ದ. ಮತ್ತೆ ತಪಾಸಣೆ ಕೇಂದ್ರ, ಮತ್ತೆ ಅದೇ ಕಬ್ಬಿಣದ ಹಾಸು. ಬಾಡಿಗೆಯ ಡ್ರೈವರ್ ಗಾಡಿ ನಿಲ್ಲಿಸಿ ಇಳಿದು ಬೀಡಿ ಹಚ್ಚಿದ. ಅಧಿಕಾರಿ ಪರದೆ ನೋಡಿ ತಲೆಯಾಡಿಸಿದ.

"ಇನ್ನೂ ಸ್ವಲ್ಪ ಜಾಸ್ತಿ ಇದೆ. ಒಂದು ಸೀಟು ಕಿತ್ತುಬಿಡಿ, ಒಬ್ಬರ ತೂಕ ಕಮ್ಮಿಯಾಗುತ್ತೆ. ಸರಿಹೋಗುತ್ತೆ."

ನಾಲ್ವರಲ್ಲಿ ಯಾರ ಸೀಟು ಎಂದು ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಮಗಳು ಅಜ್ಜಿಯನ್ನು ನೋಡಿದಳು.

"ನನ್ನನ್ನ ಯಾಕೆ ನೋಡ್ತೀಯೇ? ನಿಮ್ಮಮ್ಮನಿಗಿಂತ ಹಗುರ ಇದೀನಿ ನಾನು!" ಎಂದರು ಅತ್ತೆ.

"ಸೀಟಿಗೆ ಎಲ್ಲರೂ ಒಂದೇ ತೂಕ ಅಜ್ಜಿ" ಎಂದ ಅಧಿಕಾರಿ.

ನಾನೇ ಬರುವುದಿಲ್ಲ ಅಂದರೆ ಎಲ್ಲರಿಗೂ ಸಲೀಸಾಗುತ್ತಿತ್ತು. ಅನ್ನಲಿಲ್ಲ. ದಿಂಬನ್ನು ಇನ್ನೂ ಗಟ್ಟಿಯಾಗಿ ಹಿಡಿದು ಗಂಡನ ಮುಖ ನೋಡಿದೆ. ಅವನು ನನ್ನನ್ನು ಕೆಂಡದಂತೆ ನೋಡಿ ಗಾಡಿಯೊಳಗೆ ಹೋದ. ಕೊಳಾಯಿ ಬಿಚ್ಚಿದ ಸದ್ದಾಯಿತು. ಬೇಸಿನ್ನನ್ನು ಮಗುವಿನ ಹಾಗೆ ಎದೆಗವಚಿಕೊಂಡು ಇಳಿದು, ಅಧಿಕಾರಿಯ ಕೋಣೆಯ ಹೊಸ್ತಿಲ ಮೇಲೆ ಧಡ್ಡನೆ ಇಟ್ಟ.

"ಇಟ್ಕೊಳ್ಳಿ. ಪೆನ್ನು ಹಾಕಿಡಿ."

"ಏಯ್, ಇದನ್ನೆಲ್ಲ ಇಲ್ಲಿ ಬಿಡೋ ಹಾಗಿಲ್ಲ!"

"ತೂಕ ನೋಡಿ ಸಾರ್."

ಅಧಿಕಾರಿ ಗೊಣಗುತ್ತಲೇ ನೋಡಿದ. ಮೂರೂವರೆಗೆ ಕೂದಲೆಳೆಯಷ್ಟು ಕೆಳಗೆ. ಸೀಲು ಬಿತ್ತು. ಬಾಡಿಗೆಯ ಡ್ರೈವರನ್ನು ಬಸ್ ಸ್ಟಾಪಿನಲ್ಲಿ ಇಳಿಸಿದೆವು.

ಮರುದಿನ ಹೊರಟೆವು. ಒಳಗೆ ಬರಿ ತಗಡಿನ ನೆಲ, ಕಟ್ಟೆಯ ಜಾಗದಲ್ಲಿ ಪ್ಲೈವುಡ್ ಹಲಗೆ. ಕೈತೊಳೆಯಲು ಪ್ಲಾಸ್ಟಿಕ್ ಬಕೆಟ್ಟು ದಾರಿಯುದ್ದಕ್ಕೂ ಗಡಗಡ ಎನ್ನುತ್ತಿತ್ತು. ಅತ್ತೆ ಹಿಂದೆ ಕೂತು, ಅರಮನೆ ಹೋಗಿ ಗೋದಾಮು ಆಯಿತು ಎಂದು ಕೇಳುವಷ್ಟು ಗಟ್ಟಿಯಾಗಿ ಗೊಣಗಿದರು. ಮಗಳು ಕಿವಿಗೆ ಹಾಡು ತುರುಕಿಕೊಂಡಳು. ತಿರುವು ಬಂದಾಗಲೆಲ್ಲ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

"ಕಾಲು ಸುಮ್ನಿಡು" ಎಂದ ಗಂಡ.

"ಕಾಲು ನಂದು."

"ಕಿಟಕಿ ಆಚೆ ನೋಡು. ಅದಕ್ಕೆ ತಾನೇ ನನ್ನ ಕಲ್ಲು ಒಡೆಸಿದ್ದು."

ನೋಡಿದೆ. ಹೊಲದಲ್ಲಿ ಜಿಂಕೆಗಳಿದ್ದವು, ತಲೆಯೆತ್ತಿ ನಿಂತಿದ್ದವು. ಅವನಿಗೆ ತೋರಿಸಲಿಲ್ಲ. ಅವನ ಮುಂದೆ ಲಾರಿ ಇತ್ತು.

ಸಮುದ್ರ ಕಾಣುವವರೆಗೂ ಅವನೇ ಓಡಿಸಿದ. ನಾನು ಪಕ್ಕದ ಸೀಟಿನಲ್ಲಿ ಕೂತಿದ್ದೆ. ಕೊಟ್ಟ ಮಾತನ್ನು ಅವನು ನಡೆಸಿದ.