ತಿರುಗಿ ಹೇಳಿಸುವ ನಾಗರಾಜಪ್ಪ

ಸರ್ಕಾರದ ಯಾವ ವಾಕ್ಯವನ್ನೂ ನಾಗರಾಜಪ್ಪನವರು ಕಣ್ಣಿನಿಂದ ಓದಿ ನಂಬಿದವರಲ್ಲ. ಅದು ಇನ್ನೊಬ್ಬರ ಬಾಯಿಂದ ತಿರುಗಿ ಬರಬೇಕು. ತಾವೇ ಬರೆದ ವಾಕ್ಯವಾದರೂ ಅಷ್ಟೆ. ಯಾರ ಸಲುವಾಗಿ ಬರೆದರೋ ಅವರ ಮುಂದೆ ಹೋಗಿ ನಿಂತು, ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಗಟ್ಟಿಯಾಗಿ ಓದಿ, ಆಮೇಲೆ ಹಾಳೆ ಮಡಿಚಿ ಕೋಟಿನ ಜೇಬಿಗೆ ಇಟ್ಟು, "ಈಗ ತಿರುಗಿ ಹೇಳ್ರಿ ನೋಡಾಣ" ಅನ್ನುತ್ತಿದ್ದರು. ಕೇಳಿದವನು ತನಗೆ ತಿಳಿದಂತೆ ಹೇಳುತ್ತಿದ್ದ. ಓದಿದ್ದಕ್ಕೂ ಹೇಳಿದ್ದಕ್ಕೂ ನಡುವೆ ಎಷ್ಟು ಅಂತರ ಬಿತ್ತೋ ಅಷ್ಟು ತಮ್ಮ ತಪ್ಪು ಎಂದು ಅವರ ಲೆಕ್ಕ.

ಚಿತ್ರದುರ್ಗದ ಸರ್ಕಾರಿ ಕಚೇರಿಯೊಂದರಲ್ಲಿ ಸಣ್ಣ ಉದ್ದಿಮೆಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಹುಟ್ಟಿದ್ದು ಧರ್ಮಪುರದ ಕಡೆಯ ಒಂದು ಹಟ್ಟಿಯಲ್ಲಿ, ಕುರಿ ಕಾಯುವವರ ಮನೆಯಲ್ಲಿ. ಓದಿ ನೌಕರಿಗೆ ಸೇರಿದರೂ ನಡಿಗೆ ಮಾತ್ರ ಹಟ್ಟಿಯದೇ ಉಳಿಯಿತು. ಒಂದು ಹೆಗಲು ಮುಂದೆ ಬಾಗಿ, ಹೆಜ್ಜೆ ನಿಧಾನವಾಗಿ, ನಡೆಯುತ್ತ ನಡೆಯುತ್ತ ಇದ್ದಕ್ಕಿದ್ದಂತೆ ನಿಂತು ಹಿಂದಕ್ಕೆ ತಿರುಗಿ ನೋಡುವುದು. ಕಚೇರಿಯ ಉದ್ದನೆಯ ಪಡಸಾಲೆಯಲ್ಲಿ ಹಿಂದೆ ಯಾರೂ ಇಲ್ಲದಾಗಲೂ ಹಾಗೇ ನೋಡುತ್ತಿದ್ದರು. ಟೈಪು ಮಾಡುವ ನೇತ್ರಾವತಿ ನಗುತ್ತಿದ್ದಳು.

"ಸಾರ್, ಎಲ್ಲ ಬಂದವೆ. ಯಾವ ಮರೀನೂ ಹಿಂದೆ ಉಳಿದಿಲ್ಲ, ಬರ್ರಿ."

"ನೋಡ್ಬೇಕಲ್ಲಮ್ಮ" ಎಂದಷ್ಟೇ ಅವರ ಉತ್ತರ.

ಅವರ ಕಂದು ಕೋಟನ್ನು ನೋಡದವರು ನಮ್ಮ ಕಡೆ ಕಡಿಮೆ. ಹಿರಿಯೂರಿನ ಬಿಸಿಲಲ್ಲೂ ಅದನ್ನು ಬಿಚ್ಚಿದವರಲ್ಲ. ಜೇಬಿನೊಳಗೆ ಕೈ ಹಾಕಿದರೆ ಜಿಲ್ಲೆಯೇ ಸಿಗುತ್ತಿತ್ತು. ಹೊಸದುರ್ಗದ ತೆಂಗಿನ ನಾರು, ಯಾವುದೋ ಗಾಣದ ಶೇಂಗಾ ಹಿಂಡಿ, ಅಡಿಕೆ ಹಾಳೆಯ ಚೂರು, ಒಂದು ಹಿಡಿ ಕರಿ ಉಣ್ಣೆ. ಮೀಟಿಂಗಿನಲ್ಲಿ ಯಾರಾದರೂ "ಕಚ್ಚಾವಸ್ತು" ಎಂಬ ಮಾತು ಆಡಿದರೆ ಅವರ ಬೆರಳು ತಾನಾಗಿ ಜೇಬಿಗೆ ಇಳಿಯುತ್ತಿತ್ತು. ಮಾತು ಯಾವುದರ ಮೇಲೆ ನಡೆದಿದೆ ಎಂದು ಬೆರಳಿಗೂ ಗೊತ್ತಿರಲಿ ಎಂಬಂತೆ.

ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ಸರ್ಕಾರ ಹೊಸ ನೀತಿ ತರಬೇಕೆಂದು ಹೊರಟಾಗ, ಪ್ರತಿ ಜಿಲ್ಲೆಯೂ ತನ್ನ ಕಸುಬುಗಳ ಭಾಗವನ್ನು ತಾನೇ ಬರೆದು ಕಳಿಸಲಿ ಎಂದು ಆಜ್ಞೆಯಾಯಿತು. ನಮ್ಮ ಜಿಲ್ಲೆಯ ಭಾಗ ನಾಗರಾಜಪ್ಪನವರ ಮೇಜಿಗೆ ಬಂತು. ಬೇರೆಯವರಾಗಿದ್ದರೆ ಹಳೆಯ ಆದೇಶಗಳನ್ನು ಮುಂದಿಟ್ಟುಕೊಂಡು ಎರಡು ವಾರದಲ್ಲಿ ಮುಗಿಸುತ್ತಿದ್ದರು. ಇವರು ಬಸ್ಸು ಹತ್ತಿದರು.

ಹೊಳಲ್ಕೆರೆಯಿಂದ ಹೊರಕೆರೆದೇವಪುರಕ್ಕೆ ಹೋಗುವ ದಾರಿಯಲ್ಲಿ ಮಂಜಣ್ಣ ಎಂಬವನು ಅಡಿಕೆ ಹಾಳೆಯ ತಟ್ಟೆ ಒತ್ತುತ್ತಾನೆ. ಅವನ ಮುಂದೆ ನಿಂತು ಓದಿದರು: "ಕಚ್ಚಾವಸ್ತುವನ್ನು ಘಟಕದ ಆವರಣದೊಳಗೆ ಸುರಕ್ಷಿತವಾಗಿ ದಾಸ್ತಾನು ಮಾಡತಕ್ಕದ್ದು." ಹಾಳೆ ಮಡಿಚಿ, "ತಿರುಗಿ ಹೇಳಪ್ಪ" ಅಂದರು.

ಮಂಜಣ್ಣ ಮೆಷಿನ್ನಿನಿಂದ ತಟ್ಟೆ ತೆಗೆಯುತ್ತಲೇ ಹೇಳಿದ: "ಹಾಳೇನೆಲ್ಲ ಒಳಗೆ ತುಂಬ್ಕಂಡು ಬೂಷ್ಟು ಹಿಡಿಸ್ಬೇಕು ಅಂತ."

"ನಾನು ಹಂಗೆ ಬರ್ದಿಲ್ಲ ಕಣಪ್ಪ."

"ನೀವು ಬರ್ದಿಲ್ಲ ಸಾರ್. ಆದ್ರೆ ಆಗೋದು ಅದೇಯ. ಬಿಸ್ಲಲ್ಲಿ ಹಾಕ್ದೆ ಇದ್ರೆ ಹಾಳೆ ನಿಲ್ತೈತಾ?"

ನಾಗರಾಜಪ್ಪನವರು ಅಲ್ಲೇ ನಿಂತು ವಾಕ್ಯ ಹೊಡೆದು ಹಾಕಿದರು. ಮಂಜಣ್ಣ ಕೊಟ್ಟ ಚಹಾ ಕುಡಿದು, ಹೊಸ ವಾಕ್ಯ ಬರೆದು, ಮತ್ತೆ ಓದಿ, ಮತ್ತೆ ಹೇಳಿಸಿದರು. ಹೀಗೆ ನಾಲ್ಕು ತಾಲ್ಲೂಕು. ಪ್ರತಿ ಸಲ ಊರು ಸುತ್ತಿ ಬಂದಾಗ ಹಾಳೆಗಳ ತುಂಬ ಗೀಟು. ನೇತ್ರಾವತಿಗೆ ಸಾಕುಸಾಕಾಯಿತು.

"ನೀವು ನೀತಿ ಬರೀತಿದ್ದೀರೋ, ಕಂಬಳಿ ನೇಯ್ತಿದ್ದೀರೋ ಸಾರ್? ದಿನಾ ಬಿಚ್ಚೋದು, ದಿನಾ ಕಟ್ಟೋದು."

"ಎರಡ್ರಾಗೂ ಎಳೆ ತಪ್ಪಿದ್ರೆ ಬಿಚ್ಲೇಬೇಕಲ್ಲಮ್ಮ."

ಇಷ್ಟೆಲ್ಲ ಬರಹದಲ್ಲಿ ಅವರಿಗೆ ತುಂಬಾ ಹಿಡಿಸಿದ್ದು ಕಂಬಳಿಯವರ ಭಾಗ. ತಮ್ಮ ಜನ ಎಂಬ ಮಮತೆ ಒಂದು. ಇನ್ನೊಂದು, ಅಲ್ಲಿ ನಡೆಯುವ ಮೋಸ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕಂಬಳಿಯವರಿಗೆಂದು ಸರ್ಕಾರ ಏನೇ ಕೊಟ್ಟರೂ, ಮಗ್ಗಕ್ಕೆ ಎಂದೂ ಹಾಸುನೂಲು ಹೂಡದ ವ್ಯಾಪಾರಿಗಳು ಕೊಟ್ಟಿಗೆಯಲ್ಲಿ ಒಂದು ಮುರುಕಲು ಮಗ್ಗ ನಿಲ್ಲಿಸಿ ಎತ್ತಿಕೊಂಡು ಹೋಗುತ್ತಿದ್ದರು. ಈ ಸಲ ಉಣ್ಣೆಯ ಉಗ್ರಾಣ ಆಗಬೇಕಿತ್ತು. ಕುರಿಯ ಉಣ್ಣೆ ಕತ್ತರಿಸುವ ಕಾಲದಲ್ಲಿ ಸರ್ಕಾರವೇ ಉಣ್ಣೆ ಕೊಂಡಿಟ್ಟು, ನೇಯುವ ಮನೆಗಳಿಗೆ ವರ್ಷವಿಡೀ ಒಂದೇ ಬೆಲೆಗೆ ಕೊಡುವುದು. ಮೊದಲು ನಮ್ಮ ಜಿಲ್ಲೆಯಲ್ಲೇ ನಡೆಸಿ ನೋಡಬೇಕೆಂದು ತೀರ್ಮಾನವೂ ಆಗಿತ್ತು. ಉಣ್ಣೆ ಯಾರಿಗೆ ಕೊಡಬೇಕು? ನಾಗರಾಜಪ್ಪನವರು ಬರೆದರು: ಪರಿಶೀಲನೆಗೆ ಹೋದ ದಿನ ಯಾವ ಮನೆಯಲ್ಲಿ ಮಗ್ಗ ನಡೆಯುತ್ತಿರುತ್ತದೋ ಆ ಮನೆಗೆ.

ತಮ್ಮ ಕಡೆಯ ಹಟ್ಟಿಗೆ ಹೋಗಿ ಅರಳಿಕಟ್ಟೆಯ ಮೇಲೆ ಕೂತು ಓದಿದರು. ಕಂಬಳಿ ಸಂಘದ ಯಜಮಾನ ಸಣ್ಣಪ್ಪ ತಿರುಗಿ ಹೇಳಿದ. "ಮಗ್ಗ ಆಡ್ತಿರ್ಬೇಕು, ಉಣ್ಣೆ ಒಯ್ಬೇಕು. ಕಳ್ಳಮಗ್ಗಕ್ಕೆ ಇಲ್ಲ." ಅರ್ಥ ಒಂದಿಷ್ಟೂ ಅತ್ತಿತ್ತ ಆಗಲಿಲ್ಲ. ಕಟ್ಟೆಯ ಮೇಲಿದ್ದವರೆಲ್ಲ ತಲೆ ಆಡಿಸಿದರು. ನಾಗರಾಜಪ್ಪನವರು ಹಾಳೆ ಮಡಿಚಿ ಜೇಬಿಗಿಟ್ಟಾಗ ಅವರ ಮುಖದಲ್ಲಿ ಎಂದೂ ಕಾಣದ ಸಮಾಧಾನ ಇತ್ತಂತೆ.

ಕರಡು ಕಳಿಸುವ ಮುನ್ನ ಮನೆಮನೆ ನೋಡಿ ಪಟ್ಟಿ ಮಾಡಬೇಕಿತ್ತು. ಆ ಹಟ್ಟಿಗೆ ಅವರೇ ಹೋದರು. ಓಬಕ್ಕನ ಬಾಗಿಲಿಗೆ ಬಂದಾಗ ಹುಣಸೆ ಬೀಜದ ಗಂಜಿಯ ವಾಸನೆ ಹೊರಗೇ ಬಡಿಯುತ್ತಿತ್ತು. ಕಂಬಳಿಯ ಹಾಸುನೂಲಿಗೆ ಬಳಿಯುವ ಗಂಜಿ ಅದು. ಪಡಸಾಲೆಯಲ್ಲಿ ನಾಲ್ಕಾರು ಹೆಂಗಸರು ರಾಟೆ ಮುಂದೆ ಕೂತು ನೂಲು ತೆಗೆಯುತ್ತಿದ್ದರು. ಗೋಡೆ ಬದಿಗೆ ಮಡಿಸಿಟ್ಟ ಕಂಬಳಿಗಳು. ಅಂಥ ನೂಲಿನ ಮನೆ ಆ ಸುತ್ತಿನಲ್ಲಿ ಇನ್ನೊಂದಿಲ್ಲ. ಕೈಯಲ್ಲಿ ಪೆನ್ನು ಹಿಡಿದು ನಾಗರಾಜಪ್ಪನವರು ಮಗ್ಗ ಎಲ್ಲಿ ಎಂದು ಮೂಲೆ ಕಡೆ ಕಣ್ಣು ಹಾಯಿಸಿದರು. ಮೂಲೆಯಲ್ಲಿ ನೆಲ ಒಂದು ತುಂಡಷ್ಟು ಬೇರೆಯಾಗಿ, ಹೊಸದಾಗಿ ಸಗಣಿ ಸಾರಿಸಿ ನುಣ್ಣಗಿತ್ತು. ಅವರ ಕೈ ನಿಂತಿತು.

ಕಂಬಳಿ ಮಗ್ಗದ ಮುಂದೆ ನೆಲದಲ್ಲಿ ಒಂದು ಗುಂಡಿ ಇರುತ್ತದೆ. ನೇಯುವವನು ನೆಲದ ಮೇಲೆ ಕೂತು ಕಾಲನ್ನು ಅದರೊಳಗೆ ಇಳಿಬಿಟ್ಟು ತುಳಿಯುತ್ತಾನೆ. ಆ ಹಟ್ಟಿಗಳಲ್ಲಿ ಮಗ್ಗಕ್ಕೆ ಕೂರುತ್ತಿದ್ದ ಗಂಡಸು ತೀರಿಕೊಂಡರೆ ಗುಂಡಿಗೆ ಮಣ್ಣು ತುಂಬಿ, ಮರ ಬಿಚ್ಚಿ ಅಟ್ಟಕ್ಕೆ ಏರಿಸಿ, ವರ್ಷದ ಎಡೆ ಆಗುವ ತನಕ ತೆಗೆಯುವುದಿಲ್ಲ. ಅದಕ್ಕಿಂತ ದೊಡ್ಡ ಕಟ್ಟಳೆ ಎಂದರೆ, ಮುಚ್ಚಿದ ಗುಂಡಿಯ ಮಾತು ಆಡುವುದಿಲ್ಲ. ಆಡಿದರೆ ಇನ್ನೊಂದು ಮನೆಯ ಗುಂಡಿ ಮುಚ್ಚುತ್ತದೆ ಎಂದು ಹೆದರಿಕೆ. ಮಕ್ಕಳು ಕೂಡ ಆ ಜಾಗ ತುಳಿಯದೆ ಸುತ್ತಿ ಹೋಗುತ್ತಾರೆ. ನಾಗರಾಜಪ್ಪನವರೂ ತಮ್ಮ ತಾತ ಸತ್ತ ವರ್ಷ ಹಾಗೇ ಸುತ್ತಿ ಹೋದವರು. ಕಟ್ಟೆಯ ಮೇಲೆ ಎಲ್ಲರೂ ತಲೆ ಆಡಿಸಿದ್ದು ಯಾಕೆಂದು ಈಗ ತಿಳಿಯಿತು. ಇಂಥ ಮನೆಗಳಿವೆ ಎಂಬುದು ಅವರಲ್ಲಿ ಒಬ್ಬನಿಗೂ ಮರೆತಿರಲಿಲ್ಲ. ಆಡಬಾರದ ಮಾತನ್ನು ಆಡದೆ ಬಿಟ್ಟಿದ್ದರು. ತಮಗೂ ಮರೆತಿರಲಿಲ್ಲ. ಕಾಲು ಸುತ್ತಿ ಹೋಗುವ ಹಾಗೆ ಬರೆಯುವ ಕೈಯೂ ಸುತ್ತಿ ಹೋಗಿತ್ತು.

ಓಬಕ್ಕನ ಗಂಡ ಎತ್ತಪ್ಪ ತೀರಿಕೊಂಡು ಇನ್ನೂ ವರ್ಷ ಆಗಿರಲಿಲ್ಲ. ಅವಳು ಬಾಗಿಲ ಒಳಗೇ ನಿಂತಿದ್ದಳು.

"ಓಬಕ್ಕ, ನಾನು ಕಟ್ಟೆ ಮೇಲೆ ಓದಿದ ದಿನ ನೀನು ಬರ್ಲಿಲ್ಲ."

"ಎಂಗ್ ಬರ್ಲಣ್ಣ? ನಾನು ಹೊಸಲು ದಾಟೋ ಹಂಗೈತಾ ಈಗ? ಒಳಗೇ ಗೋಡೆ ಪಕ್ಕ ನಿಂತು ಕೇಳಿಸ್ಕಂಡೆ."

"ಮತ್ತೆ ಯಾರ ಕೈಲಾದ್ರೂ ಹೇಳಿ ಕಳಿಸ್ಬಾರ್ದಾ?"

"ಹೇಳೋ ಮಾತಾ ಅದು?" ಅವಳು ಕೈಯಲ್ಲಿದ್ದ ನೂಲಿನ ಉಂಡೆಯನ್ನು ತಿರುಗಿಸುತ್ತ ಹೇಳಿದಳು. "ನೀನು ನಮ್ಮೋನು. ನಿಂಗೆ ಗೊತ್ತಿಲ್ದೆ ಇರ್ತೈತಾ? ಗೊತ್ತಿದ್ದೇ ಬರ್ದಿದ್ದೀಯ, ಗಂಡಸಿಲ್ಲದ ಮನೆ ಬ್ಯಾಡ ಅಂದವ್ನೆ ನಮ್ಮಣ್ಣ ಅಂದ್ಕಂಡೆ."

ರಾಟೆ ಮುಂದೆ ಕೂತಿದ್ದ ಪುಟ್ಟಕ್ಕ ತಲೆ ಎತ್ತದೆ ಅಂದಳು: "ಹಾಸು ಇಲ್ಲಿ ಮಾಡ್ತೀವಿ, ಪಕ್ಕದ ಮನೇಲಿ ನೇಯಿಸ್ತೀವಿ. ಉಣ್ಣೆ ಬಂದ್ರೆ ಇರ್ತೀವಿ. ಇಲ್ಲ ಅಂದ್ರೆ ಬಬ್ಬೂರ ಕಡೆ ಕಳೆ ತೆಗೆಯಾಕೆ ಹೋಗ್ತೀವಿ. ಹೋದೋರು ಮತ್ತೆ ರಾಟೆಗೆ ಕೂರ್ತಾರಾ ಸಾಮಿ?"

ಪಟ್ಟಿಯಲ್ಲಿ ಆ ಮನೆಯ ಮುಂದೆ ಏನೂ ಬರೆಯದೆ ಅವರು ಹೊರಟು ಬಂದರು.

ಕೊನೆಯ ಮೀಟಿಂಗು ಚಿತ್ರದುರ್ಗದಲ್ಲಿ ನಡೆಯಿತು. ಬೆಂಗಳೂರಿನಿಂದ ಗೋವರ್ಧನ ಎಂಬ ಹಿರಿಯ ಅಧಿಕಾರಿ ಬಂದಿದ್ದರು, ಸಂಜೆಗೆ ಕರಡು ತೆಗೆದುಕೊಂಡು ಹೋಗುವವರು. ಒಳ್ಳೆಯ ಮನುಷ್ಯರೇ. ಕಸುಬಿನವರ ಪರವಾಗಿ ಸಣ್ಣಪ್ಪ ಕಂಬಳಿ ಹೊದ್ದು ಗೋಡೆ ಬದಿಯ ಕುರ್ಚಿಯಲ್ಲಿ ಕೂತಿದ್ದ. ಎಲ್ಲ ಮುಗಿಯಿತು ಎನ್ನುವಾಗ ನಾಗರಾಜಪ್ಪನವರು ಎದ್ದರು.

"ಸಾರ್, ಕಂಬಳಿ ಭಾಗದಾಗೆ ಒಂದು ವಾಕ್ಯ ತಪ್ಪೈತೆ. ಮಗ್ಗ ನಡೀತಿರ್ಬೇಕು ಅನ್ನೋದು."

ಗೋವರ್ಧನ ನಕ್ಕರು. "ನಾಗರಾಜಪ್ಪ, ಅದು ಇಡೀ ಕರಡಲ್ಲೇ ಒಳ್ಳೇ ವಾಕ್ಯ ಕಣ್ರೀ. ಊರೂರು ತಿರುಗಿ ಓದಿ ಹೇಳಿಸಿದ್ದೀರಿ. ಯಾರೂ ತಕರಾರು ಮಾಡಲಿಲ್ಲ ಅಂತ ನೀವೇ ಬರೆದಿದ್ದೀರಲ್ಲ?"

"ಮಾಡ್ಲಿಲ್ಲ ಸಾರ್. ಮಾಡೋ ಹಂಗಿರ್ಲಿಲ್ಲ."

"ಯಾಕೆ?"

ನಾಗರಾಜಪ್ಪನವರು ಸಣ್ಣಪ್ಪನ ಕಡೆ ನೋಡಿದರು. ಮುದುಕ ಕಣ್ಣಲ್ಲೇ ಬೇಡ ಅಂದ. ಇವರ ಕೈ ಜೇಬಿಗೆ ಹೋಯಿತು, ಉಣ್ಣೆಯನ್ನು ಹಿಡಿಯಿತು, ಅಲ್ಲೇ ನಿಂತಿತು. ಹುಟ್ಟಿದಾರಭ್ಯ ಬಾಯಿಗೆ ತರದ ಮಾತನ್ನು ಅವರು ಆ ಫ್ಯಾನಿನ ಸದ್ದಿನ ಕೋಣೆಯಲ್ಲಿ ಆಡಿದರು.

"ಮುಚ್ಚಿದ ಗುಂಡಿ ಸಾರ್. ನೇಯೋ ಗಂಡಸು ಸತ್ತ ಮನೇಲಿ ಮಗ್ಗದ ಗುಂಡಿ ವರ್ಷ ಮುಚ್ಚಿರ್ತೈತೆ. ಅದ್ರ ಮಾತು ನಾವು ಆಡಲ್ಲ. ಅದಕ್ಕೇ ಯಾರೂ ಹೇಳ್ಲಿಲ್ಲ. ಅದಕ್ಕೇ ನಾನೂ ಬರೀಲಿಲ್ಲ. ಆ ಮನೇಲಿ ನೂಲು ನಿಂತಿಲ್ಲ ಸಾರ್, ಮಗ್ಗ ಅಷ್ಟೇ ನಿಂತೈತೆ."

ಸಣ್ಣಪ್ಪ ಕಂಬಳಿಯ ಸೆರಗನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು ಎದ್ದು ಬಾಗಿಲ ಕಡೆ ನಡೆದ.

ಗೋವರ್ಧನ ಅವರ ಅನುಮಾನವೂ ಸಣ್ಣದಲ್ಲ. "ನಿಮ್ಮ ಮಾತು ಸರಿ ಅಂತ ಇಟ್ಕೊಳ್ಳಿ. ಆದ್ರೆ ಈ ಬಾಗಿಲು ತೆಗೆದರೆ ಮುರುಕಲು ಮಗ್ಗದವರೆಲ್ಲ ಇದೇ ದಾರಿಯಲ್ಲಿ ಬರ್ತಾರೆ. ನಮ್ಮ ಮನೇಲೂ ಗುಂಡಿ ಮುಚ್ಚಿದೆ, ಉಣ್ಣೆ ಕೊಡಿ ಅಂತಾರೆ. ತಡೆಯೋದು ಹೇಗೆ?"

ಮೋಸವನ್ನು ತಡೆಯಲೆಂದೇ ನಾಗರಾಜಪ್ಪನವರು ಆ ವಾಕ್ಯ ಬರೆದದ್ದು. ಸಣ್ಣಪ್ಪ ಬಾಗಿಲಲ್ಲೇ ನಿಂತ. ಒಳಕ್ಕೆ ತಿರುಗದೆ, ಹೊರಗಿನ ಬಿಸಿಲಿಗೆ ಹೇಳುವಂತೆ ಹೇಳಿದ.

"ಸುಳ್ಳಿಗೆ ಅದನ್ನ ಮುಚ್ಚೋ ಎದೆ ನಮ್ಮಾಗೆ ಯಾವನಿಗೂ ಇಲ್ಲ ಸಾಮಿ. ಬದುಕಿರೋ ಗಂಡಸಿನ ಮನೇಲಿ ಮಣ್ಣು ತುಂಬಾಕೆ ಅವ್ನ ಹೆಂಡ್ತಿ ಬಿಡ್ತಾಳಾ? ಮುರುಕ್ಲು ಮಗ್ಗ ಯಾವನಾದ್ರೂ ನಿಲ್ಲಿಸ್ತಾನೆ. ಇದನ್ನ ಮಾತ್ರ ನಿಮ್ಮ ಕಾನೂನು ಕಾಯೋದು ಬ್ಯಾಡ. ಅದೇ ಕಾಯ್ಕಂತೈತೆ."

ಗೋವರ್ಧನ ಕರಡಿನ ಆ ಪುಟ ತೆಗೆದು ಪೆನ್ನಿನ ಜೊತೆ ನಾಗರಾಜಪ್ಪನವರ ಕಡೆ ತಳ್ಳಿದರು.

ಆ ಸಂಜೆ ಹಿರಿಯೂರಿನ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಹಿರಿಯೂರಿನಲ್ಲಿ ಇಳಿದು ಧರ್ಮಪುರದ ಬಸ್ಸಿಗೆ ಕಾಯುವಾಗ ಮುದುಕ ಒಂದೇ ಮಾತು ಆಡಿದ.

"ಲೇ ನಾಗರಾಜ, ಮನೆಗೋಗಿ ತಲೆ ಮ್ಯಾಲೆ ನೀರು ಹುಯ್ಕ. ನಾನೂ ಹುಯ್ಕಂತೀನಿ."

ಉಣ್ಣೆ ಕತ್ತರಿಸುವ ಕಾಲ ಬಂದಾಗ ಓಬಕ್ಕನ ಮನೆಗೂ ಉಣ್ಣೆಯ ಮೂಟೆ ಬಂತು. ಪುಟ್ಟಕ್ಕ ಬಬ್ಬೂರಿಗೆ ಹೋಗಲಿಲ್ಲ. ಅದಕ್ಕೂ ಮೊದಲೇ ಒಂದು ಬೆಳಿಗ್ಗೆ ನಾಗರಾಜಪ್ಪನವರು ಆ ಬಾಗಿಲಿಗೆ ಹೋಗಿ, ಹೊಸಲಿನ ಆಚೆ ನಿಂತು, ಹೊಸ ವಾಕ್ಯ ಓದಿದ್ದರು: ಕುಟುಂಬದಲ್ಲಿ ಮರಣ ಸಂಭವಿಸಿ ಮಗ್ಗವು ಸ್ಥಗಿತಗೊಂಡಿದ್ದಲ್ಲಿ, ನೂಲಿನ ಕೆಲಸ ಮುಂದುವರಿದಿರುವ ಮನೆಯನ್ನೂ ಪರಿಗಣಿಸತಕ್ಕದ್ದು. ಕಟ್ಟೆಯ ಮೇಲೆ ಓದಿ ಕೈ ತೊಳೆದುಕೊಳ್ಳುವ ಅಭ್ಯಾಸವನ್ನು ಅವರು ಅಂದಿನಿಂದ ಬಿಟ್ಟರು. ಕಟ್ಟೆಗೆ ಯಾರು ಬಂದಿಲ್ಲ ಎಂದು ಮೊದಲು ಕೇಳಿ, ಅವರ ಬಾಗಿಲಿಗೆ ಹೋಗಿ ಓದತೊಡಗಿದರು. ಆ ಬೆಳಿಗ್ಗೆ ಓದಿ ಮುಗಿಸಿ ಅಂದರು:

"ತಿರುಗಿ ಹೇಳು ಓಬಕ್ಕ."

ಓಬಕ್ಕ ಮೂಲೆಯ ಕಡೆ ನೋಡಲಿಲ್ಲ. "ಮಗ್ಗ ಮಲಗಿದ್ರೂ ಮನೆ ಎದ್ದೈತೆ ಅಂತ ಬರ್ದಿದ್ದೀಯ."

ಅವರು ಹಾಳೆ ಮಡಿಚಿ ಜೇಬಿಗಿಟ್ಟರು. ಏನೂ ಹೊಡೆದು ಹಾಕಲಿಲ್ಲ. ಹಟ್ಟಿಯ ಬೀದಿಯಲ್ಲಿ ಒಂದಷ್ಟು ದೂರ ನಡೆದು, ರೂಢಿಯಂತೆ ನಿಂತು, ಹಿಂದಕ್ಕೆ ತಿರುಗಿ ನೋಡಿ, ಮತ್ತೆ ನಡೆದರು.

ಸರ್ಕಾರದಲ್ಲಿ ಮುಂದೆ ನಿಂತು ದಾರಿ ತೋರಿಸುವವರಿಗೆ ಕೊರತೆ ಇಲ್ಲ. ಅವರ ಹೆಸರು ಕಲ್ಲಿನ ಮೇಲೆ ಬರುತ್ತದೆ. ನಾಗರಾಜಪ್ಪನಂಥವರ ಹೆಸರು ನೀತಿಯ ಪುಸ್ತಕದ ಯಾವ ಪುಟದಲ್ಲೂ ಇಲ್ಲ. ಅವರು ಸೇರಿಸಿದ ಒಂದು ವಾಕ್ಯ ಇರುತ್ತದೆ, ಅದನ್ನು ಯಾರು ಸೇರಿಸಿದರೆಂದು ಓದುವವರಿಗೆ ತಿಳಿಯುವುದಿಲ್ಲ. ಇವರೂ ತಪ್ಪುತ್ತಾರೆ, ಅದೂ ತಮ್ಮವರ ವಿಷಯದಲ್ಲೇ ತಪ್ಪುತ್ತಾರೆ. ಆದರೆ ಕುರಿ ಕಾದವರ ಮನೆಯಲ್ಲಿ ಹುಟ್ಟಿದವರು ಹಿಂಡಿನ ಹಿಂದೆ ನಡೆದೇ ಬೆಳೆದವರು. ಹಿಂದೆ ಉಳಿದ ಮರಿ ಕಾಣುವುದು ಅಲ್ಲಿಂದಲೇ.