ಕಮಾನಿಗೆ ಎಣ್ಣೆ

"ಅಳಿಯನಿಗೆ ಎಣ್ಣೆಸ್ನಾನ ಆಯ್ತು. ಇನ್ನು ನಿನ್ನದು ಬಾಕಿ" ಎಂದು ಶಶಿಪ್ರಭಾ ಅಡುಗೆಮನೆಯಿಂದಲೇ ಕೂಗಿದರು.

ಸುಪ್ರೀತಾ ಕೋಣೆಯಿಂದ ಹೊರಗೆ ಬಂದಳು. ಆಯುಧಪೂಜೆಯ ಬೆಳಿಗ್ಗೆ. ಚಾವಡಿಯಲ್ಲಿ ಬಾಳೆಎಲೆಯ ಮೇಲೆ ತಾಯಿಯ ಕ್ಯಾಂಟೀನಿನ ಚೂರಿಗಳು, ಮೆಟ್ಟುಕತ್ತಿ, ಸ್ಕೂಟರಿನ ಕೀ. ಪಕ್ಕದಲ್ಲಿ ಗೋಡೆಗೆ ಒರಗಿಸಿದ ಅವಳ ಸೆಲ್ಲೊ. ಅದರ ಕೊರಳಿಗೆ ಸೇವಂತಿಗೆ ಮಾಲೆ, ಹೊಟ್ಟೆಗೆ ಗಂಧದ ಬೊಟ್ಟು. ಆಳೆತ್ತರದ ಆ ಪಿಟೀಲಿಗೆ ವಿಮಾನದಲ್ಲಿ ಬೇರೆಯೇ ಸೀಟು ತೆಗೆಯಬೇಕೆಂದು ಗೊತ್ತಾದ ದಿನದಿಂದ ಶಶಿಪ್ರಭಾ ಅದನ್ನು ಅಳಿಯ ಎಂದೇ ಕರೆಯುತ್ತಿದ್ದರು. ಮಗಳಿಗೆ ನಲವತ್ತು ದಾಟಿತ್ತು. ಬೇರೆ ಅಳಿಯ ಬಂದಿರಲಿಲ್ಲ.

"ಹೇಗೆ ಹೊಳೀತದೆ ನೋಡು. ಗಾಣದ ಎಣ್ಣೆ" ಎನ್ನುತ್ತ ಅವರು ಕೈ ಒರೆಸಿಕೊಂಡು ಬಂದರು. "ಆ ಕೋಲಿಗೂ ಹಾಕಿದ್ದೇನೆ. ಕುದುರೆ ಕೂದಲು ಅಂತ ನೀನೇ ಹೇಳಿದ್ದಲ್ವಾ? ಪಾಪ, ಒಣಗಿ ಬಿಳಿ ಹುಡಿ ಉದುರ್ತಾ ಇತ್ತು. ಹೊಟ್ಟು, ಮಾರಾಯ್ತಿ!"

ಸುಪ್ರೀತಾ ಕಮಾನು ಎತ್ತಿಕೊಂಡಳು. ಕೂದಲು ಎಳೆಎಳೆಯಾಗಿ ಎಣ್ಣೆ ಕುಡಿದು ಒಟ್ಟಿಗೆ ಅಂಟಿಕೊಂಡಿತ್ತು. ತಾಯಿ ಹೊಟ್ಟೆಂದು ತಿಳಿದದ್ದು ರೋಸಿನ್ ಎಂಬ ರಾಳದ ಹುಡಿ. ಅದಿದ್ದರೆ ಮಾತ್ರ ಕೂದಲು ತಂತಿಯನ್ನು ಹಿಡಿಯುತ್ತದೆ. ಎಣ್ಣೆ ಹಿಡಿದ ಕೂದಲನ್ನು ಕಿತ್ತು ಬೇರೆ ಕಟ್ಟಿಸಬೇಕು, ಆ ಕೆಲಸ ಬಲ್ಲವರು ಮುಂಬಯಿಯಲ್ಲಿದ್ದಾರೆ. ಅವಳು ಕುಳಿತು ಒಂದು ಸಲ ಎಳೆದು ನೋಡಿದಳು. ಹಾಸಿಗೆಯ ಬಟ್ಟೆಯ ಮೇಲೆ ಕೈಯಾಡಿಸಿದಷ್ಟೇ ಸದ್ದು.

ಸಿಟ್ಟು ಬರಬೇಕಿತ್ತು. ಅವಳು ಕಾದಳು. ಬರಲಿಲ್ಲ.

ಬೇಸಿಗೆಯಿಂದ ಅವಳ ಎಡಗೈಯ ಕೊನೆಯ ಎರಡು ಬೆರಳುಗಳಿಗೆ ಸ್ಪರ್ಶವೇ ಇರಲಿಲ್ಲ. ಮೊಣಕೈಯ ನರ, ಆಪರೇಷನ್ ಮಾಡಿದರೂ ಖಾತ್ರಿಯಿಲ್ಲ ಎಂದು ಜರ್ಮನಿಯ ಡಾಕ್ಟರು ಹೇಳಿದ್ದರು. ವಿಯೆನ್ನಾ, ಟೋಕಿಯೊ, ಲಿಸ್ಬನ್ ಎಂದು ಜೊತೆಗೆ ತಿರುಗಿದ ನಾಲ್ವರ ತಂಡದಲ್ಲಿ ಅವಳ ಕುರ್ಚಿಯಲ್ಲಿ ಈಗ ಇನ್ನೊಬ್ಬಳು ಕುಳಿತಿದ್ದಳು. ತಾಯಿಗೆ ಹೇಳಿದ್ದು ರಜೆ ಎಂದು. ಸೆಲ್ಲೊ ತಾರದೆ ಬಂದಿದ್ದರೆ ಪ್ರಶ್ನೆ ಏಳುತ್ತಿತ್ತು, ಅದಕ್ಕೆ ತಂದಿದ್ದಳು. ಅದನ್ನು ಕಂಡದ್ದೇ ಅವಳ ಮೊದಲ ಗುರು ನೊರ್ಬರ್ಟ್ ಮಾಸ್ಟ್ರು ಇಗರ್ಜಿಯ ಹಾಲಿನಲ್ಲಿ ಕಾರ್ಯಕ್ರಮ ಗೊತ್ತುಮಾಡಿಬಿಟ್ಟರು. ಅದು ನಾಳೆ ಸಂಜೆ. ಆಗುವುದಿಲ್ಲ ಎನ್ನಲು ಅವಳು ಇವತ್ತು, ನಾಳೆ ಎಂದು ದಿನ ದೂಡುತ್ತಿದ್ದಳು.

"ಇದು ಇನ್ನು ನುಡಿಯುವುದಿಲ್ಲ ಅಮ್ಮ" ಎಂದಳು. "ನಾಳೆಯದ್ದು ಆಗುವುದಿಲ್ಲ."

ಶಶಿಪ್ರಭಾ ಎಣ್ಣೆಯ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತುಬಿಟ್ಟರು.

ಪಾಯಸ ಕುಡಿಯಲು ಬಂದ ನೊರ್ಬರ್ಟ್ ಮಾಸ್ಟ್ರು ಕಮಾನನ್ನು ಮೂಸಿ ನೋಡಿ ದೊಡ್ಡದಾಗಿ ನಕ್ಕರು. "ಎಂತ ಶಶಿಪ್ರಭಕ್ಕ, ಕುದುರೆಗೆ ಜಡೆ ಹಾಕಿ ಮಲ್ಲಿಗೆ ಮುಡಿಸುವುದೊಂದು ಬಾಕಿ ಇಟ್ಟಿದ್ದೀರಲ್ಲ!" ಮತ್ತೆ ಸುಪ್ರೀತಾಳ ಕಡೆ ತಿರುಗಿ, "ತಲೆಬಿಸಿ ಬೇಡ ಮಗಾ. ನನ್ನ ಹಳೇ ಕಮಾನು ಉಂಟು. ನೀನು ಕಲಿತದ್ದೇ ಅದರಲ್ಲಿ. ಈಗಲೇ ತರ್ತೇನೆ."

"ಬೇಡ ಮಾಸ್ಟ್ರೇ."

"ಐದು ನಿಮಿಷದ ದಾರಿ."

"ಬೇಡ. ಅಂಥ ಕಮಾನಿನಲ್ಲಿ ಈಗ ನನಗೆ ನುಡಿಸ್ಲಿಕ್ಕೆ ಆಗುವುದಿಲ್ಲ."

ಮಾತು ಹೊರಟ ಮೇಲೆ ಅದು ಹೇಗೆ ಕೇಳಿಸಿತೆಂದು ಅವಳಿಗೇ ಗೊತ್ತಾಯಿತು. ಮಾಸ್ಟ್ರ ಮುಖದಲ್ಲಿ ನಗು ಸ್ವಲ್ಪ ಹೊತ್ತು ಹಾಗೇ ಇತ್ತು.

"ಹೌದು, ಅದು ಸರಿ. ಮಕ್ಕಳಿಗೆ ಕಲಿಸುವ ಕಮಾನು ಅದು" ಎಂದರು. ಪಾಯಸದ ಲೋಟವನ್ನು ಮೆಲ್ಲಗೆ ಬದಿಗೆ ಸರಿಸಿದರು. "ಜನರಿಗೆ ಎಂತ ಹೇಳುವುದು ಹಾಗಾದ್ರೆ?"

"ನನ್ನ ಹೆಸರು ಹೇಳಿ ಮಾಸ್ಟ್ರೇ" ಎಂದರು ಶಶಿಪ್ರಭಾ ಬಾಗಿಲಲ್ಲಿ ನಿಂತು. "ಬುದ್ಧಿಯಿಲ್ಲದ ಹೆಂಗಸು ಎಣ್ಣೆ ಹಾಕಿ ಹಾಳು ಮಾಡಿದ್ಳು ಅಂತ. ಸುಳ್ಳಲ್ಲವಲ್ಲ."

ಸುಪ್ರೀತಾ ಕಮಾನನ್ನು ತೆಗೆದು ಬಾಳೆಎಲೆಯ ಮೇಲಿಟ್ಟಳು. ಮಾಸ್ಟ್ರು ಚಪ್ಪಲಿ ಹಾಕಿಕೊಂಡು ಮೆಟ್ಟಿಲು ಇಳಿದರು.

ಊಟವಾದ ಮೇಲೆ ನೀರು ಕುಡಿಯಲು ಹೋದಾಗ ತಾಯಿ ಅಡುಗೆಮನೆಯ ನೆಲದಲ್ಲಿ ಕುಳಿತಿದ್ದರು. ಬೇಸನ್ನಿನಲ್ಲಿ ಬೆಚ್ಚನೆಯ ನೀರು, ಕಡಲೆಹಿಟ್ಟು. ಕಮಾನನ್ನು ತೊಡೆಯ ಮೇಲಿಟ್ಟುಕೊಂಡು, ಕೋಲಿಗೆ ನೀರು ತಾಗದ ಹಾಗೆ, ಹಿಟ್ಟು ಹಚ್ಚಿ ಕೂದಲನ್ನು ಎಳೆಎಳೆಯಾಗಿ ಉಜ್ಜುತ್ತಿದ್ದರು. ಚಿಕ್ಕಂದಿನಲ್ಲಿ ಪ್ರತಿ ಭಾನುವಾರ ಸುಪ್ರೀತಾಳ ತಲೆಯನ್ನೂ ಹೀಗೆಯೇ ಉಜ್ಜುತ್ತಿದ್ದರು.

"ಇಗರ್ಜಿಯ ಡೈಸಿಬಾಯಿ ಕೂಡ ಫೋನ್ ಮಾಡಿ ಕೇಳಿದ್ಳು, ಹೌದಾ ಅಂತ" ಎಂದರು ತಲೆಯೆತ್ತದೆ. "ನಾನೇ ಮಾಡಿದ್ದು ಅಂದೆ. ಸ್ವಲ್ಪ ಬಿಡ್ತಾ ಉಂಟು ಎಣ್ಣೆ. ನೋಡುವ."

"ಬಿಡು ಅಮ್ಮ. ಕಮಾನು ಸರಿ ಇದ್ರೂ ನನಗೆ ಆಗ್ತಿರಲಿಲ್ಲ."

"ಎಂತಕ್ಕೆ?"

ಅವಳು ಎದುರಿಗೆ ಕುಳಿತು ಹೇಳಿದಳು. ಬೆರಳು, ಡಾಕ್ಟರು, ಕುರ್ಚಿ. ಬೇರೆ ಯಾರದೋ ಸುದ್ದಿ ಓದಿದಂತಿತ್ತು ಅವಳ ದನಿ. ಶಶಿಪ್ರಭಾ ಅಳಲಿಲ್ಲ. ಹಿಟ್ಟಿನ ಕೈಯಲ್ಲೇ ಅವಳ ಎಡಗೈ ಎಳೆದುಕೊಂಡು ಕಿರುಬೆರಳ ತುದಿಗೆ ಉಗುರೊತ್ತಿದರು.

"ಇಲ್ಲಿ?"

"ಇಲ್ಲ."

"ಇಲ್ಲಿ?"

"ಇಲ್ಲ."

ಉಗುರು ಅಂಗೈಯ ಅಂಚು ಹಿಡಿದು ಮೇಲೆ ಹೋಯಿತು. ಮಣಿಕಟ್ಟು ದಾಟಿದ ಮೇಲೆ ಸುಪ್ರೀತಾ ಹೌದೆಂದು ತಲೆಯಾಡಿಸಿದಳು. ಶಶಿಪ್ರಭಾ ಆ ಜಾಗದಲ್ಲಿ ಹೆಬ್ಬೆರಳಿಟ್ಟು ಒತ್ತಿ ಹಿಡಿದರು. ನಂತರ ಎದ್ದು ಕೈ ತೊಳೆದು, ಪಾಯಸವನ್ನು ಹಿಡಿಯಿರುವ ತೂಕುಪಾತ್ರೆಗೆ ಹುಯ್ದರು.

"ಆ ಮನುಷ್ಯ ಪಾಯಸ ಮುಟ್ಟದೆ ಹೋದರು. ಎಣ್ಣೆ ಹಾಕಿದ್ದು ನಾನು, ಅದು ನನಗಿರಲಿ. ಉಳಿದದ್ದು ನೀನೇ ಹೋಗಿ ಹೇಳು."

ಉರ್ವ ಮಾರ್ಕೆಟಿನ ಹಿಂದಿನ ಓಣಿಯಲ್ಲಿ ಮಾಸ್ಟ್ರ ಮನೆ. ಅವರು ಜಗಲಿಯಲ್ಲೇ ಕುಳಿತಿದ್ದರು. ಮಡಿಲಲ್ಲಿ ಆ ಹಳೇ ಕಮಾನು. ಬೇಡವೆಂದರೂ ಅದಕ್ಕೆ ರೋಸಿನ್ ತೀಡುತ್ತಿದ್ದರು, ಪ್ಯಾಂಟಿನ ಮೇಲೆಲ್ಲ ಬಿಳಿ ಹುಡಿ ಬಿದ್ದಿತ್ತು.

"ಎಂತ?" ಎಂದರು, ತೀಡುವುದನ್ನು ನಿಲ್ಲಿಸದೆ.

ಸುಪ್ರೀತಾ ಪಾತ್ರೆಯನ್ನು ಕೆಳಗಿಟ್ಟು ಎಡಗೈ ಚಾಚಿದಳು. ಮಾಸ್ಟ್ರು ಅವಳ ಮುಖ ನೋಡಿದರು, ಮತ್ತೆ ಕೈ ನೋಡಿದರು. ಕಮಾನನ್ನು ಬದಿಗಿಟ್ಟು, ಮೊದಲ ಪಾಠದ ದಿನ ಹಿಡಿದಂತೆ, ಅವಳ ಕೊನೆಯ ಎರಡು ಬೆರಳುಗಳನ್ನು ಹಿಡಿದುಕೊಂಡರು. ಅವರ ಕೈಯ ಬಿಳಿ ಹುಡಿ ಅವಳ ಬೆರಳಿಗೆ ಅಂಟಿತು. ಅದು ಅವಳಿಗೆ ಕಂಡಿತು, ಅಷ್ಟೆ.